ಚಳಿಯಲ್ಲಿ ಹೊಂಚು ಕೂರುವ ಬೇಟೆಗಾರರು ಒಳಪದರದ ಬಟ್ಟೆಯನ್ನು ಆರಿಸುವ ಬಗೆ

ಚಳಿಗಾಲದ ಬೇಟೆಗೆ ಸಿದ್ಧರಾಗುವವರು ಕೋಟು, ಬೂಟು, ಟೋಪಿಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ; ಮೈಗೆ ತಾಗಿಕೊಂಡಿರುವ ಬಟ್ಟೆಯ ವಿಷಯವನ್ನು ಮಾತ್ರ ಬೀರುವಿನಲ್ಲಿ ಮೊದಲು ಕೈಗೆ ಸಿಕ್ಕ ಬನಿಯನ್ನಿನಲ್ಲಿ ಮುಗಿಸಿಬಿಡುತ್ತಾರೆ. ಹೊಂಚಿನ ಜಾಗದಲ್ಲಿ ಕುಳಿತು ಒಂದು ಗಂಟೆಯಾದ ಮೇಲೆ ಬೆನ್ನಿನ ನಡುವೆ ಶುರುವಾಗುವ ಕೊರೆತಕ್ಕೆ ಅವರು ಗಾಳಿಯನ್ನು ದೂರುತ್ತಾರಾದರೂ, ಹೆಚ್ಚಿನ ಸಲ ಅದಕ್ಕೆ ಕಾರಣ ನಡೆದು ಬರುವಾಗ ಸುರಿದು ಆ ಬನಿಯನ್ನಿನಲ್ಲೇ ಉಳಿದ ಬೆವರು. ಆದ್ದರಿಂದ ಒಳಪದರವನ್ನು, ಅಂದರೆ ಅಂಗಡಿಗಳಲ್ಲಿ ಬೇಸ್ ಲೇಯರ್ ಅಥವಾ ಥರ್ಮಲ್ ಎಂಬ ಹೆಸರಿನಲ್ಲಿ ಸಿಗುವ ಉಡುಪನ್ನು ಆರಿಸುವಾಗ, ಅದು ಎಷ್ಟು ಬೆಚ್ಚಗಿಡುತ್ತದೆ ಎಂದು ಕೇಳುವ ಮೊದಲು ನಡಿಗೆ ನಿಂತ ಮೇಲೆ ಎಷ್ಟು ಬೇಗ ಮೈಯನ್ನು ಒಣಗಿಸುತ್ತದೆ ಎಂದು ಕೇಳಬೇಕು.

ಚಾರಣಿಗನ ಕಷ್ಟಕ್ಕೂ ಬೇಟೆಗಾರನ ಕಷ್ಟಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಚಾರಣಿಗ ದಿನವಿಡೀ ನಡೆಯುತ್ತಲೇ ಇರುತ್ತಾನೆ. ಬೇಟೆಗಾರ ನಸುಕಿನಲ್ಲಿ ಕೋವಿ, ಚೀಲ, ಕೂರುವ ಸಲಕರಣೆಗಳನ್ನೆಲ್ಲ ಹೊತ್ತು ಒಂದು ಗಂಟೆ ಏರು ಹತ್ತಿ, ಆಮೇಲೆ ನಾಲ್ಕೈದು ಗಂಟೆ ಅಲುಗಾಡದೆ ಕೂರುತ್ತಾನೆ. ಹೊರೆ ಹೊತ್ತು ಏರು ಹತ್ತುವ ದೇಹ 400 ವ್ಯಾಟ್‌ಗೂ ಹೆಚ್ಚು ಶಾಖವನ್ನು ಹೊಮ್ಮಿಸಬಲ್ಲದು. ಸುಮ್ಮನೆ ಕುಳಿತ ದೇಹದ್ದು ಸುಮಾರು 100 ವ್ಯಾಟ್ ಮಾತ್ರ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಹಾಗಾಗಿ ಬಟ್ಟೆಯಲ್ಲಿ ಬರೀ 100 ಗ್ರಾಂ ಬೆವರು ಉಳಿದು, ಅದನ್ನು ಮೈಶಾಖವೊಂದರಿಂದಲೇ ಒಣಗಿಸಬೇಕಾಗಿ ಬಂದರೆ, ಕುಳಿತ ದೇಹವು 40 ನಿಮಿಷಗಳಲ್ಲಿ ಹುಟ್ಟಿಸುವಷ್ಟೂ ಶಾಖ ಅದಕ್ಕೇ ಖರ್ಚಾಗುತ್ತದೆ. ಇದರ ಮೇಲೆ ನೀರು ನಿಶ್ಚಲ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಆದರೆ ಅಷ್ಟು ದೂರ ಹೋಗುವ ಮೊದಲೇ ಬೆರಳು ಮರಗಟ್ಟಿ, ಮೈ ನಡುಗಿ, ಗುರಿ ತಪ್ಪುತ್ತದೆ. ಮರಗಟ್ಟಿದ ಬೆರಳು ಕೋವಿಯ ಕುದುರೆಯ (ಟ್ರಿಗರ್) ಮೇಲಿರುವುದು ಜೊತೆಗಿರುವವರಿಗೂ ಒಳ್ಳೆಯದಲ್ಲ.

ಬೆವರನ್ನು ಹೊರಗೆಳೆಯುವ ಬಟ್ಟೆ ಕೆಲಸ ಮಾಡುವುದು ದೀಪದ ಬತ್ತಿಯ ಹಾಗೆ. ಬತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುವಂತೆ, ನೂಲಿನ ಸಂದುಗಳಲ್ಲಿ ಬೆವರು ಹರಿದು ಬಟ್ಟೆಯ ಹೊರಮೈಯಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ, ಹರಡಿದ್ದರಿಂದಲೇ ಬೇಗ ಆರುತ್ತದೆ. ಹತ್ತಿಯೂ ಒಳ್ಳೆಯ ಬತ್ತಿಯೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹತ್ತಿಯ ತೊಂದರೆಯೆಂದರೆ ಅದು ನೀರನ್ನು ಸಂದುಗಳಲ್ಲಿ ಸಾಗಿಸುವುದರ ಜೊತೆಗೆ ಎಳೆಯ ಒಳಕ್ಕೂ ಕುಡಿದು ಉಬ್ಬುತ್ತದೆ, ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಒದ್ದೆಯಾದಾಗ ಮೈಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಿತವೆನಿಸುವ ಈ ಗುಣವೇ ಚಳಿಯಲ್ಲಿ ಶತ್ರುವಾಗುತ್ತದೆ. ಪಾಲಿಯೆಸ್ಟರ್ ಎಳೆ ಸಾಧಾರಣ ಹವೆಯಲ್ಲಿ ತನ್ನ ತೂಕದ ಶೇಕಡ 0.4ರಷ್ಟು ತೇವವನ್ನು ಮಾತ್ರ ಒಳಗೆ ಸೇರಿಸಿಕೊಳ್ಳುತ್ತದೆ. ಉಳಿದುದೆಲ್ಲ ಸಂದುಗಳಲ್ಲೇ ಇರುವುದರಿಂದ ಬೇಗ ಒಣಗುತ್ತದೆ. ಉಣ್ಣೆಯ ದಾರಿ ಬೇರೆ: ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲೇ ಎಳೆಯೊಳಗೆ ಸೆಳೆದುಕೊಂಡರೂ ಮುಟ್ಟಿದರೆ ಒದ್ದೆಯೆನಿಸದು, ಹಾಗೆ ಸೆಳೆದುಕೊಳ್ಳುವಾಗ ಕೊಂಚ ಶಾಖವನ್ನೂ ಬಿಡುತ್ತದೆ. ಆದರೆ ಪೂರ್ತಿ ನೆನೆದ ಉಣ್ಣೆ ಆರಲು ಪಾಲಿಯೆಸ್ಟರ್‌ಗಿಂತ ಹೆಚ್ಚು ಹೊತ್ತು ಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕೆಂಬುದು ನಿಮ್ಮ ಬೇಟೆಯ ದಿನದಲ್ಲಿ ನಡಿಗೆ ಎಷ್ಟು, ಕೂರುವುದೆಷ್ಟು ಎಂಬುದರ ಮೇಲೆ ನಿಂತಿದೆ. ಸ್ವಲ್ಪ ದೂರ ನಿಧಾನವಾಗಿ ನಡೆದು, ಮರದ ಮೇಲಿನ ಅಟ್ಟಣೆಯಲ್ಲೋ ಮರೆಯಲ್ಲೋ ಬಹಳ ಹೊತ್ತು ಕೂರುವವರಿಗೆ ಮೆರಿನೊ, ಅಂದರೆ ಆ ಹೆಸರಿನ ತಳಿಯ ಕುರಿಯ ನವಿರಾದ ಉಣ್ಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ; ಹಗುರವಾಗಿ ಬೆವರಿದಾಗ ಅದು ತೇವವನ್ನು ತಾನೇ ನುಂಗಿಕೊಂಡು ಮೈಯನ್ನು ತಣ್ಣಗಾಗಲು ಬಿಡುವುದಿಲ್ಲ. ಮೆರಿನೊ ಎಂದರೆ ಚುಚ್ಚುವ ಕಂಬಳಿಯಂಥದ್ದೆಂಬ ಭಯ ಬೇಡ: ಒಳ್ಳೆಯ ಒಳಪದರಗಳಲ್ಲಿ 17ರಿಂದ 19 ಮೈಕ್ರಾನ್ ದಪ್ಪದ ಎಳೆ ಇರುತ್ತದೆ, ಅಷ್ಟು ಸಣ್ಣ ಎಳೆ ಚರ್ಮಕ್ಕೆ ತಾಗಿದರೆ ಬಾಗುತ್ತದೆಯೇ ಹೊರತು ಚುಚ್ಚುವುದಿಲ್ಲ. ಬೇಟೆಯ ಜಾಡು ಹಿಡಿದು ದಿಣ್ಣೆಯಿಂದ ದಿಣ್ಣೆಗೆ ಅಲೆಯುವವರಿಗೆ, ಸ್ವಭಾವತಃ ಧಾರಾಳವಾಗಿ ಬೆವರುವವರಿಗೆ ತೆಳು ಪಾಲಿಯೆಸ್ಟರ್ ವಾಸಿ. ಅದರ ದೊಡ್ಡ ಕೊರತೆ ವಾಸನೆ. ಎರಡನೆಯ ದಿನಕ್ಕೇ ಅದು ನಾರತೊಡಗುತ್ತದೆ, ಗಾಳಿಯಲ್ಲಿ ಮನುಷ್ಯನ ವಾಸನೆ ಹಿಡಿಯುವ ಪ್ರಾಣಿಯ ಮುಂದೆ ಅದು ಸಣ್ಣ ಕೊರತೆಯಲ್ಲ. ಉಣ್ಣೆಯನ್ನು ನಾಲ್ಕಾರು ದಿನ ಹಾಕಿದರೂ ಅಷ್ಟು ನಾರುವುದಿಲ್ಲ. ಬಿಡಾರದ ಬೆಂಕಿಯ ಪಕ್ಕದಲ್ಲಿ ಕೂರುವವರು ಇನ್ನೊಂದನ್ನೂ ನೆನಪಿಡಬೇಕು: ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿಗೆ, ಕೆಲವು ಒಳಪದರಗಳಲ್ಲಿರುವ ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಕೃತಕ ಎಳೆ ಸುಮಾರು 160 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಉಣ್ಣೆ ಕರಗುವುದಿಲ್ಲ, ಕರಕಲಾಗುತ್ತದೆ.

ಎರಡೂ ಬಗೆಯ ದಿನಗಳಿಗೆ ಒಂದೇ ಜೊತೆ ಬಟ್ಟೆ ಕೊಳ್ಳುವವರಿಗೆ ಮಿಶ್ರಣದ ಬಟ್ಟೆ ಸೂಕ್ತ. ಶುದ್ಧ ಮೆರಿನೊದ ತೆಳು ಬಟ್ಟೆ ಚೀಲದ ಪಟ್ಟಿ ಉಜ್ಜುವ ಭುಜದಲ್ಲೂ ಸೊಂಟದಲ್ಲೂ ಬೇಗ ತೂತಾಗುತ್ತದೆ. ಸ್ವಲ್ಪ ನೈಲಾನ್ ಸೇರಿದ್ದರೆ ಬಾಳಿಕೆ ಹೆಚ್ಚು. ರೇಷ್ಮೆ ಹಗುರ, ಮೃದು, ಆದರೆ ಹೊರೆ ಹೊರುವ ದಿನಕ್ಕೆ ಆಗದು. ಬಲೆಯಂತೆ ಹೆಣೆದ ಬನಿಯನ್ ಇನ್ನೊಂದು ದಾರಿ, ಮೊದಲ ನೋಟಕ್ಕೆ ತಮಾಷೆಯಾಗಿ ಕಂಡರೂ ಯುಕ್ತಿಯದು: ಅದರ ಕಣ್ಣುಗಳಲ್ಲಿ ಗಾಳಿ ನಿಂತು ಬೆಚ್ಚಗಿಡುತ್ತದೆ, ಬೆವರಿನ ಆವಿ ಅಡ್ಡಿಯಿಲ್ಲದೆ ಹೊರಗಿನ ಪದರಕ್ಕೆ ಹೋಗುತ್ತದೆ. ಅದರ ಮೇಲೆ ತೇವ ಸಾಗಿಸುವ ಇನ್ನೊಂದು ತೆಳು ಪದರ ಇದ್ದರೇನೇ ಪ್ರಯೋಜನ.

ದಪ್ಪವನ್ನು ಪ್ರತಿ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಸ್ಥೂಲವಾಗಿ 120ರಿಂದ 160 ಗ್ರಾಂ ತೆಳು, 180ರಿಂದ 220 ಮಧ್ಯಮ, 250ಕ್ಕೆ ಮೇಲ್ಪಟ್ಟದ್ದು ದಪ್ಪ. ಚಳಿ ಹೆಚ್ಚೆಂದು ಅತಿ ದಪ್ಪದ್ದನ್ನು ಮೈಗೆ ಹಾಕಿ ಹೊರಡುವುದು ಸಾಮಾನ್ಯವಾಗಿ ನಡೆಯುವ ತಪ್ಪು, ಏಕೆಂದರೆ ಕೋಟನ್ನು ಬಿಚ್ಚಿ ಚೀಲಕ್ಕೆ ಕಟ್ಟಬಹುದು, ಒಳಪದರವನ್ನು ದಾರಿಯ ಮಧ್ಯೆ ಬಿಚ್ಚಲಾಗದು. ಒಳಗೆ ತೆಳುವಿನದೋ ಮಧ್ಯಮದ್ದೋ ಇರಲಿ, ಬೆಚ್ಚಗಿಡುವ ಕೆಲಸ ಅದರ ಮೇಲಿನ ಪದರಗಳದಾಗಲಿ. ಕಾಲಿಗೆ ಮಾತ್ರ, ಬಹಳ ಹೊತ್ತು ಕೂರುವವರು, ಮೇಲ್ಮೈಯ ಒಳಪದರಕ್ಕಿಂತ ಒಂದು ಹಂತ ದಪ್ಪದ್ದನ್ನು ಹಾಕಿದರೂ ಅಡ್ಡಿಯಿಲ್ಲ.

ಅಳತೆಯ ವಿಷಯದಲ್ಲಿ ಸಡಿಲಿಕೆ ಬೇಡ, ಅಕ್ಷರಶಃ. ಬತ್ತಿ ಎಣ್ಣೆಯನ್ನು ಮುಟ್ಟದಿದ್ದರೆ ದೀಪ ಉರಿಯದು. ಬಟ್ಟೆ ಚರ್ಮವನ್ನು ಮುಟ್ಟದಿದ್ದರೆ ಬೆವರು ಹೊರಗೆ ಹೋಗದು. ಎದೆ, ಬೆನ್ನು, ಕಂಕುಳುಗಳಲ್ಲಿ ಮೈಗೊಪ್ಪಿ ಕೂರಬೇಕು, ಆದರೆ ಮೊಣಕೈ ಮಡಿಸಿದಾಗ ರಕ್ತ ಓಡಾಡದಷ್ಟು ಬಿಗಿಯಿರಬಾರದು. ಹಾಕಿಕೊಂಡು ನೋಡುವಾಗ ಬರೀ ಕನ್ನಡಿಯ ಮುಂದೆ ನಿಲ್ಲದೆ ಕೋವಿ ಎತ್ತಿ ಹಿಡಿಯುವ ಭಂಗಿಗೆ ಬನ್ನಿ: ಕೋವಿಯ ಹಿಡಿ ಒತ್ತುವ ಭುಜದ ಜಾಗದಲ್ಲಿ ದಪ್ಪ ಹೊಲಿಗೆ ಇದ್ದರೆ ಅದು ಆಮೇಲೆ ಗುರುತು ಬಿಡುತ್ತದೆ. ಬಿಲ್ಲು ಹಿಡಿಯುವವರ ತೋಳಿನಲ್ಲಿ ಬಟ್ಟೆ ಜೋತಾಡಬಾರದು. ಬಗ್ಗಿದಾಗ ಸೊಂಟ ಬಯಲಾಗದಂತೆ ಬೆನ್ನಿನ ಕಡೆ ಉದ್ದವಿರಲಿ; ಪೈಜಾಮಾದ ಸೊಂಟಪಟ್ಟಿ ಚೀಲದ ಪಟ್ಟಿಯ ಅಡಿಗೆ ಸರಿಯಾಗಿ ಬರದಿರಲಿ. ಕತ್ತಿನಲ್ಲಿ ಅರ್ಧ ಎದೆಯವರೆಗೆ ಜಿಪ್ ಇರುವುದನ್ನು ನಾನು ಬಹಳ ಮುಖ್ಯವೆಂದು ಪರಿಗಣಿಸುತ್ತೇನೆ, ಏರಿನಲ್ಲಿ ಅದನ್ನು ಇಳಿಸಿಕೊಂಡರೆ ಎಷ್ಟೋ ಬೆವರು ಹುಟ್ಟುವುದೇ ಇಲ್ಲ.

ಕೊಳ್ಳುವ ಮುನ್ನ ಬಟ್ಟೆಯ ಒಳಮೈಗೆ ಒಂದು ಹನಿ ನೀರು ಬಿಟ್ಟು ನೋಡಲು ಅಂಗಡಿಯವರು ಒಪ್ಪಿದರೆ ಒಳ್ಳೆಯದು: ಪಾಲಿಯೆಸ್ಟರ್‌ನಲ್ಲಿ ಹನಿ ಕೆಲವೇ ಸೆಕೆಂಡುಗಳಲ್ಲಿ ಹೀರಿಕೊಂಡು ಹೊರಮೈಯಲ್ಲಿ ಅಗಲವಾದ ಕಲೆಯಾಗಬೇಕು, ಮುತ್ತಿನಂತೆ ಅಲ್ಲೇ ನಿಂತರೆ ಆ ಬಟ್ಟೆ ಬೇಡ. ಮೆರಿನೊವನ್ನು ಈ ಪರೀಕ್ಷೆಯಿಂದ ಅಳೆಯಬಾರದು, ಅದರ ಎಳೆಯ ಹೊರಮೈ ಸಹಜವಾಗಿಯೇ ಹನಿಯನ್ನು ತಡೆಯುತ್ತದೆ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಮನೆಯಲ್ಲಿ ಮಾಡುವುದು. ಬೇಟೆಗೆ ಒಯ್ಯುವಷ್ಟೇ ಭಾರವನ್ನು ಹೊತ್ತು ಮೈ ಬೆವರುವವರೆಗೆ ಮೆಟ್ಟಿಲು ಹತ್ತಿಳಿದು, ತಕ್ಷಣ ಹೊರಗಿನ ಚಳಿಯಲ್ಲಿ ಅರ್ಧ ಗಂಟೆ ಅಲುಗಾಡದೆ ಕುಳಿತರೆ, ಬಟ್ಟೆ ತನ್ನ ಗುಣವನ್ನು ತಾನೇ ಹೇಳುತ್ತದೆ.

ಎಂಥ ಒಳ್ಳೆಯ ಒಳಪದರವಾದರೂ ಅದರ ಮೇಲೆ ಹತ್ತಿಯ ಅಂಗಿ ಹಾಕಿದರೆ, ಹೊರಗೆಳೆದ ಬೆವರೆಲ್ಲ ಆ ಅಂಗಿಯಲ್ಲಿ ಸಿಕ್ಕಿಬೀಳುತ್ತದೆ. ಒಳಪದರದ ಅಡಿಯಲ್ಲಿ ಹತ್ತಿಯ ಒಳಉಡುಪು ಇದ್ದರೂ ಅಷ್ಟೇ. ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟೇ ಬಟ್ಟೆ ಹಾಕಿ, ಬೆವರು ಬರುವ ಮೊದಲೇ ನಡಿಗೆಯನ್ನು ನಿಧಾನಿಸುವುದು ಎಲ್ಲಕ್ಕಿಂತ ಉತ್ತಮ. ನೀರು ಹೋಗದ ಚೀಲದಲ್ಲಿ ಒಳಪದರದ ಇನ್ನೊಂದು ಒಣ ಅಂಗಿಯನ್ನು ಒಯ್ದು, ಹೊಂಚಿನ ಜಾಗ ಮುಟ್ಟಿದೊಡನೆ, ಮೈ ಇನ್ನೂ ಬಿಸಿಯಿರುವಾಗಲೇ ಬದಲಾಯಿಸಿಕೊಳ್ಳಿ. ಆ ಒಂದು ನಿಮಿಷದ ಚಳಿ ಅಸಹ್ಯವೆನಿಸಿದರೂ, ಅದನ್ನು ತಪ್ಪಿಸಿಕೊಂಡವರೇ ಎಲ್ಲರಿಗಿಂತ ಮೊದಲು ಜಾಗ ಬಿಟ್ಟೇಳುವವರು.

ಒಗೆಯುವಾಗ ಬಟ್ಟೆಯನ್ನು ಮೃದುಗೊಳಿಸುವ ದ್ರವವನ್ನು ಹಾಕಲೇಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಪೊರೆ ಕಟ್ಟಿ ಸಂದುಗಳ ಕೆಲಸವನ್ನು ಕೆಡಿಸುತ್ತದೆ. ಪರಿಮಳವಿಲ್ಲದ, ಹೊಳಪು ಕೊಡುವ ರಾಸಾಯನಿಕವಿಲ್ಲದ ಸಾಬೂನು ಇರಲಿ, ಏಕೆಂದರೆ ಜಿಂಕೆಯ ಕಣ್ಣು ಕೆಂಪನ್ನು ಗುರುತಿಸದಿದ್ದರೂ ನೀಲಿಯ ಕಡೆಯ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಆ ರಾಸಾಯನಿಕಗಳು ಹೊಳೆಯುವುದೂ ಅದೇ ಬೆಳಕಿನಲ್ಲಿ. ಒಳಗಿನ ಬಟ್ಟೆ ಯಾರಿಗೆ ಕಾಣುತ್ತದೆ ಎನ್ನಬಹುದು. ಕತ್ತಿನಲ್ಲೂ ಮಣಿಕಟ್ಟಿನಲ್ಲೂ ಕಾಣುತ್ತದೆ. ಉಣ್ಣೆಯನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಿ, ನುಸಿ ಹುಳು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಕು. ಕೆಲವು ಋತುಗಳ ನಂತರ ಕಂಕುಳು, ಮೊಣಕಾಲುಗಳಲ್ಲಿ ಬಟ್ಟೆ ಸಡಿಲಗೊಂಡು ಮೈಗೆ ತಾಗದಂತಾದರೆ, ಹರಿಯದಿದ್ದರೂ ಅದನ್ನು ಬೇಟೆಯ ಕೆಲಸದಿಂದ ಬಿಡಿಸಿ ಬಿಡಾರದಲ್ಲಿ ಮಲಗುವ ಉಡುಪಾಗಿ ಇಟ್ಟುಕೊಳ್ಳಬಹುದು.