ಟ್ರಿಪ್ಪಿಗೆ ಆಟದ ಚೀಲ ಕಟ್ಟುವುದು ಹೇಗೆ?

ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಬರುವವರ ಲಗೇಜು ನೋಡಬೇಕು. ಬ್ಲೂಟೂತ್ ಸ್ಪೀಕರ್ ಇರುತ್ತದೆ, ಪವರ್ ಬ್ಯಾಂಕ್ ಎರಡಿರುತ್ತವೆ. ಕೆಲವರು ಡಿಕ್ಕಿಯಲ್ಲಿ ಕೇರಂ ಬೋರ್ಡನ್ನೂ ಹೊತ್ತು ತರುತ್ತಾರೆ. ಸಂಜೆ ಮಳೆ ಹಿಡಿಯುತ್ತದೆ, ಕರೆಂಟ್ ಹೋಗುತ್ತದೆ, ತೋಟದ ಮಧ್ಯೆ ನೆಟ್‌ವರ್ಕ್ ಮೊದಲೇ ಇಲ್ಲ. ಮೊಬೈಲ್ ಲೂಡೊ ಅಲ್ಲಿಗೆ ಮುಗಿಯಿತು. ಕೇರಂ ಪೌಡರ್ ತೇವಕ್ಕೆ ಅಂಟಾಗಿರುತ್ತದೆ. ಕೊನೆಗೆ ಯಾರೋ ಇಸ್ಪೀಟ್ ಕಟ್ಟು ತೆಗೆಯುತ್ತಾರೆ. ಎಣಿಸಿದರೆ 51 ಎಲೆ!

ಊಟದ ಡಬ್ಬಿಯಷ್ಟು ಜಾಗದಲ್ಲಿ ಇಡೀ ಕುಟುಂಬಕ್ಕೆ ಮೂರು ದಿನಕ್ಕಾಗುವಷ್ಟು ಆಟ ತುಂಬಬಹುದು. ಹೊರಡುವ ಹಿಂದಿನ ರಾತ್ರಿ ಕೈಗೆ ಸಿಕ್ಕಿದ್ದನ್ನು ತುರುಕಬಾರದು, ಅಷ್ಟೆ. ಒಂದು ಭಾನುವಾರ ಕೂತು ಈ ಕೆಲಸ ಮುಗಿಸಿಕೊಳ್ಳಿ.

1. ಮೊದಲು ಜಾಗ, ಆಮೇಲೆ ಆಟ

ಎಲ್ಲಿ ಕೂತು ಆಡುತ್ತೀರಿ ಅನ್ನುವುದೇ ಮೊದಲ ಪ್ರಶ್ನೆ. ಹಾಸನದಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವುದಾದರೆ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲು ನಿಧಾನವಾಗಿ ಘಾಟಿ ಇಳಿಯುತ್ತದೆ. ಆದರೆ ದಾರಿಯಲ್ಲಿ 57 ಸುರಂಗ. ಬೋಗಿಯ ಲೈಟ್ ಉರಿಯದಿದ್ದರೆ ಕತ್ತಲಲ್ಲಿ ಎಲೆ ಅದಲುಬದಲಾಗುತ್ತದೆ. ಕಿಟಕಿ ತೆರೆದಿದ್ದರೆ ಗಾಳಿಗೆ ಚೀಟಿ ಹಾರುತ್ತದೆ. ಹಾಗಾಗಿ ರಾಜ-ರಾಣಿ-ಕಳ್ಳ-ಪೊಲೀಸ್ ಆಟದ ಚೀಟಿಗಳನ್ನು ರೈಲಿನಲ್ಲಿ ತೆಗೆಯಬೇಡಿ.

ಬಸ್ಸಿನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತೀರಿ, ಮಣೆ ಹಾಸಲು ಜಾಗವಿಲ್ಲ. ಇಸ್ಪೀಟ್ ಮಾತ್ರ ಸಾಕು. ಇನ್ನು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಯಾವ ಆಟವೂ ಬೇಡ. ಕಣ್ಣಿಗೆ ಕೈಯಲ್ಲಿರುವ ಎಲೆ ಅಲ್ಲಾಡದೆ ಕಾಣುತ್ತದೆ, ಕಿವಿಯೊಳಗೆ ಮಾತ್ರ ತಿರುವು ಗೊತ್ತಾಗುತ್ತಿರುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಮಕ್ಕಳಿಗೆ ಹೊರಗೆ ನೋಡಲು ಹೇಳಿ, ಅಂತ್ಯಾಕ್ಷರಿ ಹಾಡಿಸಿ.

2. ಡಬ್ಬಿ

ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಒಂದು, ಪಾರದರ್ಶಕವಾಗಿರಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

3. ಬಟ್ಟೆಯ ಮಣೆ

ಎಲ್ಲರೂ ಕೆಡಿಸುವುದು ಇಲ್ಲೇ. ಕವಡೆ ಹಾಕಿ, ಐದೈದು ಮನೆಯ ಚೌಕದಲ್ಲಿ ಕಾಯಿ ನಡೆಸುವ ಚೌಕಾಬಾರ ಟ್ರಿಪ್ಪಿಗೆ ಹೇಳಿ ಮಾಡಿಸಿದ ಆಟ. ನಾಲ್ಕು ಜನ ಆಡಬಹುದು, ಅಜ್ಜಿಗೂ ಬರುತ್ತದೆ, ಆರು ವರ್ಷದ ಮಗುವಿಗೂ ಬರುತ್ತದೆ. ಆದರೆ ಜನ ಸುಮ್ನೆ ಒಂದು ಹಳೆ ಕರ್ಚೀಫಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೀಚಿಕೊಂಡು ಬರುತ್ತಾರೆ. ಮನೆಗಳು ಚಿಕ್ಕವು, ಗೆರೆ ಸೊಟ್ಟ, ಒಂದು ಲೋಟ ನೀರು ಬಿದ್ದರೆ ಬಣ್ಣವೆಲ್ಲ ಹರಡಿ ಮಣೆಯೇ ಮಾಯ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತಮುತ್ತ ಆಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ ಬಟ್ಟೆ ಅಂಗಡಿಗೆ ಹೋಗಿ ದಪ್ಪ ಕಾಟನ್ ಒಂದೂಕಾಲು ಮೀಟರ್ ಕೇಳಿ. ತಿಳಿ ಬಣ್ಣದ್ದಿರಲಿ. ಹಳೆ ಸಿಲ್ಕ್, ಸ್ಯಾಟಿನ್, ಪಾಲಿಯೆಸ್ಟರ್ ಬೇಡವೇ ಬೇಡ. ಕಾಯಿ ಜಾರುತ್ತದೆ, ಗಾಳಿಗೆ ಬಟ್ಟೆಯೂ ಏಳುತ್ತದೆ. ತಂದ ದಿನವೇ ಬಿಸಿ ನೀರಿನಲ್ಲಿ ನೆನೆಸಿ ಗಂಜಿ ತೆಗೆಯಿರಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಗೆರೆ ಹಾಕಿದ ಮೇಲೆ ಕುಗ್ಗಿದರೆ ಮನೆಗಳು ಓರೆಯಾಗುತ್ತವೆ.

ಇಸ್ತ್ರಿ ಮಾಡಿ, ಮೇಜಿನ ಮೇಲೆ ಹಾಸಿ, ನಾಲ್ಕು ಕಡೆ ಟೇಪ್ ಅಂಟಿಸಿ. ಬಟ್ಟೆಯನ್ನು ಎಳೆದು ಬಿಗಿ ಮಾಡಬೇಡಿ. ಬಿಟ್ಟ ಕೂಡಲೇ ಚೌಕ ಸೊಟ್ಟಗಾಗುತ್ತದೆ. ಮೊದಲ ಗೆರೆ ನೇರ ಬರಲು ದರ್ಜಿಗಳು ಮಾಡುವ ಉಪಾಯವೊಂದಿದೆ. ಬಟ್ಟೆಯ ಒಂದು ನೂಲು ಹಿಡಿದು ಮೆಲ್ಲಗೆ ಎಳೆಯಿರಿ. ಆ ನೂಲು ಹೋದ ಜಾಗದಲ್ಲಿ ತೆಳ್ಳಗೆ ಗೀಟು ಕಾಣುತ್ತದೆ. ಸ್ಕೇಲನ್ನು ಅದಕ್ಕೆ ತಾಗಿಸಿ ಗೆರೆ ಎಳೆಯಿರಿ.

ಈಗ ಅಳತೆ. ಒಂದೊಂದು ಮನೆ ಎರಡೂವರೆ ಇಂಚು. ಐದು ಮನೆಗೆ ಹನ್ನೆರಡೂವರೆ ಇಂಚು. ಇಷ್ಟು ದೊಡ್ಡದು ಯಾಕೆ ಅಂತ ಕೇಳುತ್ತೀರಿ. ಕಟ್ಟೆ ಅನ್ನುವ ಗುರುತಿನ ಮನೆಗಳಲ್ಲಿ ಯಾರ ಕಾಯಿಯನ್ನೂ ಯಾರೂ ಕಡಿಯುವ ಹಾಗಿಲ್ಲ. ಹಾಗಾಗಿ ಎಲ್ಲರೂ ಅಲ್ಲೇ ಬಂದು ಕೂರುತ್ತಾರೆ. ಒಂದೂವರೆ ಇಂಚಿನ ಮನೆಯಲ್ಲಿ ಏಳೆಂಟು ಕಾಯಿ ಸೇರಿದರೆ ಪಕ್ಕದ ಮನೆಗೆ ತುಳುಕಿ ಜಗಳ ಶುರು. ಚೌಕ ಹಾಕಿದ ಮೇಲೆ ಮೂಲೆಯಿಂದ ಮೂಲೆಗೆ ಅಳತೆ ಟೇಪ್ ಹಿಡಿಯಿರಿ. ಎರಡು ಕಡೆಯೂ ಒಂದೇ ಅಳತೆ, ಹದಿನೇಳೂ ಮುಕ್ಕಾಲು ಇಂಚಿಗೆ ಒಂಚೂರು ಕಮ್ಮಿ ಬರಬೇಕು. ಬರಲಿಲ್ಲವಾ? ಅಳಿಸಿ ಮತ್ತೆ ಹಾಕಿ. ಅದಕ್ಕೇ ಮೊದಲು ಚಾಕ್‌ನಲ್ಲೇ ಹಾಕಬೇಕು.

ಬಟ್ಟೆಯನ್ನು ಐದಾಗಿ ಮಡಚಿ ಗುರುತು ಮಾಡುತ್ತೇನೆ ಅನ್ನುವವರಿದ್ದಾರೆ. ಎರಡಾಗಿ, ನಾಲ್ಕಾಗಿ ಮಡಚಬಹುದು. ಐದಾಗಿ ಮಡಚಿದರೆ ಕೊನೆಯ ಮನೆ ಯಾವಾಗಲೂ ಬಡವಾಗುತ್ತದೆ. ಸ್ಕೇಲು ತಗೊಳ್ಳಿ.

ಹೊರಗಿನ ನಾಲ್ಕು ಬದಿಗಳ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಹಾಕಿ. ಇವು ಕಟ್ಟೆಗಳು. ಆಮೇಲೆ ಬಾಣದ ಗುರುತು. ಹೊಸಬರಿಗೆ ದಾರಿ ತಪ್ಪುವುದೇ ಇಲ್ಲಿ. ಹೊರಸುತ್ತು ಗಡಿಯಾರದ ಮುಳ್ಳಿಗೆ ಎದುರಾಗಿ ಹೋಗುತ್ತದೆ. ಇನ್ನೇನು ತಾನು ಹೊರಟ ಕಟ್ಟೆಗೆ ವಾಪಸ್ ಬರಬೇಕು ಅನ್ನುವಾಗ, ಅದರ ಹಿಂದಿನ ಮನೆಯಿಂದ ಕಾಯಿ ಒಳಕ್ಕೆ ತಿರುಗುತ್ತದೆ. ಒಳಸುತ್ತು ಮುಳ್ಳಿನ ಜೊತೆಗೇ ನಡೆದು ಮಧ್ಯಕ್ಕೆ ಸೇರುತ್ತದೆ. ಎರಡೂ ಸುತ್ತಿಗೆ ಒಂದೇ ದಿಕ್ಕಿನ ಬಾಣ ಹಾಕಿದ ಮಣೆಗಳನ್ನು ಅಂಗಡಿಯಲ್ಲೇ ನೋಡಿದ್ದೇನೆ. ಮೇಲೆ ಚೆಂದದ ಬಣ್ಣ, ಒಳಗೆ ತಪ್ಪು ದಾರಿ.

ಸರಿಯಿದೆಯಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಒಂದು ಶರ್ಟ್ ಗುಂಡಿಯನ್ನು ನಿಮ್ಮ ಕಟ್ಟೆಯಲ್ಲಿಟ್ಟು ಒಂದೊಂದೇ ಮನೆ ನಡೆಸಿ. ಹೊರಸುತ್ತಿನಲ್ಲಿ 15, ಒಳಸುತ್ತಿನಲ್ಲಿ 8, ಮಧ್ಯಕ್ಕೆ 1. ಸರಿಯಾಗಿ 24ನೇ ಹೆಜ್ಜೆಗೆ ಕಾಯಿ ಹಣ್ಣಾಗಬೇಕು. ನಾಲ್ಕೂ ಕಡೆಯಿಂದ ನಡೆಸಿ ನೋಡಿ.

ಗೆರೆಗೆ ಮಾರ್ಕರ್ ಬೇಡ. ‘ಪರ್ಮನೆಂಟ್’ ಅಂತ ಬರೆದಿರುವ ಎಷ್ಟೋ ಪೆನ್ನುಗಳ ಶಾಯಿ ಬಟ್ಟೆಯ ಮೇಲೆ ಹರಡುತ್ತದೆ. ಫ್ಯಾಬ್ರಿಕ್ ಪೇಂಟ್ ಪರವಾಗಿಲ್ಲ. ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ನಿಲ್ಲುತ್ತದೆ. ನನ್ನನ್ನು ಕೇಳಿದರೆ ದರ್ಜಿಗೆ ಕೊಟ್ಟುಬಿಡಿ. ದಪ್ಪ ಕಪ್ಪು ದಾರದಲ್ಲಿ ಎರಡೆರಡು ಸಲ ಮಿಷನ್ ಹೊಲಿಗೆ. ಕತ್ತಲಲ್ಲಿ ಬೆರಳಿಗೂ ಗೆರೆ ಸಿಗುತ್ತದೆ, ನೂರು ಸಲ ಒಗೆಯಬಹುದು.

ಈಗ ಮಣೆಯನ್ನೇ ದಾರ ಎಳೆದರೆ ಮುಚ್ಚಿಕೊಳ್ಳುವ ಚೀಲ ಮಾಡೋಣ. ಚೌಕದ ಮಧ್ಯಕ್ಕೆ ಗುಂಡುಸೂಜಿ ಚುಚ್ಚಿ, ಹತ್ತೂವರೆ ಇಂಚಿನ ದಾರಕ್ಕೆ ಚಾಕ್ ಕಟ್ಟಿ ಸುತ್ತು ಹಾಕಿ. 21 ಇಂಚಿನ ವೃತ್ತ ಬರುತ್ತದೆ. ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಚೌಕದ ಬಟ್ಟೆಗೆ ದಾರ ಎಳೆದರೆ ನಾಲ್ಕು ಮೂಲೆ ಕಿವಿಯ ಹಾಗೆ ನಿಂತು ಸಂದಿಯಲ್ಲಿ ಕವಡೆ ಉದುರುತ್ತದೆ. ಅದಕ್ಕೇ ವೃತ್ತ. ಅಷ್ಟೇ ದೊಡ್ಡ ಇನ್ನೊಂದು ತುಂಡನ್ನು ಹಿಂಬದಿಗೆ ಸೇರಿಸಿ ಹೊಲಿಯುವ ಮುಂಚೆ, ಅದರ ಮೇಲೆ ಮೂರು ಹುಲಿ, 15 ಕುರಿ ಇಟ್ಟು ಆಡುವ ಹುಲಿ-ಕುರಿ ಆಟದ ಮಣೆ ಹಾಕಿಸಿ. ಹಂಪಿಯ ಮಂಟಪಗಳ ಕಲ್ಲು ನೆಲದಲ್ಲಿ ಇಂಥ ಮಣೆಗಳನ್ನು ಕೆತ್ತಿರುವುದು ನೋಡಿರುತ್ತೀರಿ. ತುದಿಯಲ್ಲಿ 1 ಬಿಂದು, ಮೂರು ಅಡ್ಡಗೆರೆಗಳಲ್ಲಿ ಆರಾರು, ಬುಡದಲ್ಲಿ 4. ಒಟ್ಟು 23 ಬರದಿದ್ದರೆ ಯಾವುದೋ ಗೆರೆ ತಪ್ಪಿದೆ.

ಅಂಚಿನಲ್ಲಿ ಐದೂವರೆ ಇಂಚಿಗೊಂದರಂತೆ 12 ಐಲೆಟ್ (ದಾರ ತೂರಿಸುವ ಲೋಹದ ಉಂಗುರ) ಹೊಡೆಸಿ. ಚಪ್ಪಲಿ, ಬ್ಯಾಗು ರಿಪೇರಿಯವರು ಹೊಡೆದುಕೊಡುತ್ತಾರೆ. ಸಮಸಂಖ್ಯೆಯೇ ಇರಲಿ. ಇಲ್ಲದಿದ್ದರೆ ದಾರದ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಬರುತ್ತದೆ. ದಾರ ಎರಡು ಮೀಟರ್ ಬೇಕು. ಶೂ ಲೇಸ್ ಹಾಕುವವರಿದ್ದಾರೆ. ಅದು ಗಿಡ್ಡ, ಮಣೆ ಪೂರ್ತಿ ಹರಡುವುದೇ ಇಲ್ಲ.

4. ಕವಡೆ, ಕಾಯಿ

ಪೂಜೆ ಸಾಮಾನಿನ ಅಂಗಡಿಯಲ್ಲಿ ಒಂದೇ ಗಾತ್ರದ ನಾಲ್ಕು ಕವಡೆ ಆರಿಸಿ. ಒಡವೆ ಪೋಣಿಸಲು ಬೆನ್ನು ಕತ್ತರಿಸಿದ ಕವಡೆ ಬರುತ್ತವಲ್ಲ, ಅವು ಬೇಡ. ಒಂದೊಂದನ್ನೂ ಇಪ್ಪತ್ತು ಸಲ ಹಾಕಿ ನೋಡಿ, ಪ್ರತಿ ಸಲವೂ ಒಂದೇ ಮಗ್ಗುಲಿಗೆ ಬೀಳುವುದನ್ನು ಬದಲಾಯಿಸಿ. ಬಾಯಿ ಮೇಲಾದಷ್ಟು ಲೆಕ್ಕ. ನಾಲ್ಕೂ ಮೇಲಾದರೆ ಚೌಕ, 4. ನಾಲ್ಕೂ ಬೋರಲು ಬಿದ್ದರೆ ಬಾರ, 8.

ರೈಲಿನಲ್ಲಿ ಕವಡೆ ಎಸೆದರೆ ಸೀಟಿನ ಕೆಳಗೆ ಹುಡುಕುವುದೇ ಆಟವಾಗುತ್ತದೆ. ಪಾರದರ್ಶಕ ಡಬ್ಬಿ ಬೇಕು ಅಂದಿದ್ದು ಇದಕ್ಕೇ. ಕವಡೆ ಒಳಗೆ ಹಾಕಿ, ಮುಚ್ಚಳ ಮುಚ್ಚಿ, ಕುಲುಕಿ, ಇಟ್ಟು ನೋಡಿ. ಡಬ್ಬಿ ಅಂಗೈಯಷ್ಟಾದರೂ ಅಗಲ ಇರಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಕೂರುತ್ತವೆ.

ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಿ. ತೋಟದ ಮನೆಗಳಲ್ಲಿ ಕಾಫಿ ಬೀಜ ಹಾಕುತ್ತಾರೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ಸರಿಯಾಗಿಯೇ ಇದೆ. ಆದರೆ ಪೀಬೆರಿ ಸೇರಿಸಬೇಡಿ. ಹಣ್ಣಿನೊಳಗೆ ಒಂದೇ ಬೀಜ ಬೆಳೆದು ದುಂಡಗಾಗಿರುತ್ತದೆ, ಅದಕ್ಕೆ ಚಪ್ಪಟೆ ಮಗ್ಗುಲೇ ಇಲ್ಲ. ಗುಲಗಂಜಿಯನ್ನಂತೂ ಆಟಕ್ಕೆ ತರಲೇಬೇಡಿ. ನೋಡಲು ಚೆಂದ, ಆದರೆ ಮಕ್ಕಳು ಅಗಿದರೆ ವಿಷ.

ಕಾಯಿಗೆ ಶರ್ಟ್ ಗುಂಡಿ: ನಾಲ್ಕು ಬಣ್ಣ, ನಾಲ್ಕು ನಾಲ್ಕು. ಕೆಂಪು-ಮೆರೂನು ಜೋಡಿ ಬೇಡ, ಮೇಣದಬತ್ತಿ ಬೆಳಕಿನಲ್ಲಿ ಎರಡೂ ಒಂದೇ. ಕೋಟಿನ ದೊಡ್ಡ ಗುಂಡಿ ಮೂರು ಸೇರಿಸಿದರೆ ಹುಲಿಗಳಾದವು. ಶರ್ಟ್ ಗುಂಡಿಯಲ್ಲೇ 15 ಕುರಿ ಆಗುತ್ತವೆ.

ಅಳಿಗುಳಿ ಮಣೆ ಯಾಕೆ ಹೇಳಲಿಲ್ಲ ಅಂತೀರಾ? ಮಡಚುವ ಮರದ ಮಣೆ ಸಿಗುತ್ತದೆ. ಭಾರ. ಮನೆಯಲ್ಲಿರಲಿ ಬಿಡಿ.

5. ಇಸ್ಪೀಟ್

ಪ್ಲಾಸ್ಟಿಕ್ ಎಲೆಯೇ ತಗೊಳ್ಳಿ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಒಂದು ರಾತ್ರಿ ಕಳೆದರೆ ಕಾಗದದ ಎಲೆ ಉಬ್ಬಿ ಕಲಸಲು ಬರುವುದಿಲ್ಲ. ಚಿನ್ನದ ಬಣ್ಣದ ಮಿನುಗುವ ಕಟ್ಟು ಬರುತ್ತದಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಒಂದೋ ಜಾರುತ್ತದೆ, ಇಲ್ಲ ಅಂಟುತ್ತದೆ, ಕತ್ತಲಲ್ಲಿ ಗುಲಾಮ ಯಾವುದು ರಾಜ ಯಾವುದು ಗೊತ್ತಾಗುವುದಿಲ್ಲ.

ನಾಲ್ಕು ಜನ ಇದ್ದರೆ ‘ಇಪ್ಪತ್ತೆಂಟು’ ಅನ್ನುವ ಆಟ. ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟು 32ರಲ್ಲಿ ಆಡಬೇಕು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿ ಸೇರಿ 28. ಮೂರೇ ಜನ ಇದ್ದರೆ ತ್ರೀ-ಟು-ಫೈವ್. ಎಂಟರಿಂದ ಎಕ್ಕದವರೆಗೆ 28 ಎಲೆ, ಜೊತೆಗೆ ಸ್ಪೇಡ್ಸ್ ಮತ್ತು ಹಾರ್ಟ್ಸ್ ಏಳು. ಒಟ್ಟು 30, ತಲಾ ಹತ್ತು. ಮಕ್ಕಳಿದ್ದರೆ ಕತ್ತೆ ಆಟ ಸಾಕು.

ದುಡ್ಡು ಕಟ್ಟಿ ಆಡಬೇಡಿ. ‘ಅಂದರ್ ಬಾಹರ್: ಐವರ ಬಂಧನ’ ಅನ್ನುವ ಸುದ್ದಿಯನ್ನು ಈ ಪತ್ರಿಕೆಯ ಒಳಪುಟದಲ್ಲೇ ಓದಿರುತ್ತೀರಿ.

6. ಅಂಗಡಿ ಆಟ: ಒಂದೇ ಒಂದು

ಯುನೋ ಅನ್ನುವ ಎಲೆಯಾಟ ತಗೊಂಡರೆ ಯಾರಿಗೂ ಬೇಜಾರಿಲ್ಲ. 1971ರಲ್ಲಿ ಅಮೆರಿಕದ ಒಹಾಯೋದಲ್ಲಿ ಮರ್ಲ್ ರಾಬಿನ್ಸ್ ಎಂಬ ಕ್ಷೌರಿಕ ಹುಟ್ಟುಹಾಕಿದ ಆಟ ಅದು. ಚಿಕ್ಕದೇ ಬೇಕು ಅಂದರೆ ಲವ್ ಲೆಟರ್. ಜಪಾನಿನ ಸೇಜಿ ಕನಾಯ್ ಮಾಡಿದ್ದು, 2012ರಲ್ಲಿ ಬಂತು. ಮೊದಲ ಆವೃತ್ತಿಯಲ್ಲಿ ಆಟಕ್ಕೆ ಇರುವುದು 16 ಎಲೆ ಮಾತ್ರ, ಶರ್ಟ್ ಜೇಬಿಗೆ ಸಾಕು. ಮ್ಯಾಗ್ನೆಟ್ ಚೆಸ್ ಕೊಳ್ಳುವವರು ಅಂಗಡಿಯಲ್ಲೇ ಕಾಯಿ ಜೋಡಿಸಿ ಬೋರ್ಡ್ ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಒಂದು ಕಾಯಿ ಬಿದ್ದರೂ ವಾಪಸ್ ಕೊಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

7. ರೂಲ್ಸ್ ಚೀಟಿ

ಪ್ರತಿ ಮನೆಗೂ ಬೇರೆ ರೂಲ್ಸ್, ಅಲ್ವಾ? ಅತ್ತೆ ಮನೆಯವರು, ಆಫೀಸಿನವರು ಸೇರಿದರೆ ಕೇಳುವುದೇ ಬೇಡ. ಆಟ ಶುರುವಾಗುವ ಮುಂಚೆ ಇಷ್ಟನ್ನು ತೀರ್ಮಾನಿಸಿ ಒಂದು ರಟ್ಟಿನ ಮೇಲೆ ಬರೆದು ಡಬ್ಬಿಯಲ್ಲಿಡಿ. ಚೌಕಾಬಾರದಲ್ಲಿ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದಾ? ಹೋಗಬಾರದು ಅನ್ನುವುದೇ ಸರಿ, ಇಲ್ಲದಿದ್ದರೆ ಆಟಕ್ಕೆ ಖಾರವೇ ಇಲ್ಲ. ಕಡಿದರೆ ಇನ್ನೊಂದು ಸಲ ಹಾಕಬಹುದಾ? ಮೂರು ಸಲ ಸಾಲಾಗಿ ಚೌಕ, ಬಾರ ಬಿದ್ದರೆ ಸುಟ್ಟುಹೋಗುತ್ತದಾ? ಎರಡು ಕಾಯಿ ಜೋಡಿಯಾಗಿ ನಡೆಯುತ್ತವಾ?

ಯುನೋದಲ್ಲಿ ಮುಂದಿನವರಿಗೆ ನಾಲ್ಕು ಎಲೆ ಎಳೆಸುವ +4 ಮೇಲೆ, ಎರಡು ಎಲೆ ಎಳೆಸುವ +2 ಹಾಕುವ ಹಾಗಿಲ್ಲ ಅಂತ ತಯಾರಕರೇ 2019ರಲ್ಲಿ ಹೇಳಿದ್ದಾರೆ. ನಮ್ಮ ಕಡೆ ಎಲ್ಲರೂ ಹಾಕುತ್ತಾರೆ. ಹಾಕಿ, ಪರವಾಗಿಲ್ಲ. ಆದರೆ ಚೀಟಿಯಲ್ಲಿ ಬರೆದಿಡಿ.

8. ಎಣಿಸಿ ಕಟ್ಟಿ

ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ: ಕವಡೆ 4, ಗುಂಡಿ 16, ಹುಲಿ 3, ಎಲೆ 52 ಮತ್ತು ಜೋಕರ್. ನಾಲ್ಕು ಗುಂಡಿ, ಎರಡು ಕವಡೆ ಹೆಚ್ಚುವರಿ ಇರಲಿ. ಒಂದು ಪೆನ್ಸಿಲ್, ಎರಡು ರಬ್ಬರ್ ಬ್ಯಾಂಡ್. ಮನೆಯಿಂದ ಹೊರಡುವಾಗ ಎಣಿಸುವುದಕ್ಕಿಂತ ಹೋಂಸ್ಟೇ ಖಾಲಿ ಮಾಡುವಾಗ ಎಣಿಸುವುದು ಮುಖ್ಯ. ಲೆಕ್ಕ ಕಮ್ಮಿ ಬಂದರೆ ಮೊದಲು ಚಿಕ್ಕವರ ಜೇಬು ನೋಡಿ, ಆಮೇಲೆ ಮಂಚದ ಕೆಳಗೆ.