ಮುಖ ಅಡ್ಡ ಮಲಗದಿರಲಿ: ಜಾಲತಾಣದಲ್ಲಿ ಸದಸ್ಯರೇ ಫೋಟೊ ಹಾಕಿಕೊಳ್ಳುವ ವ್ಯವಸ್ಥೆ ಮಾಡುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ನೇಕಾರರ ಸಂಘವೊಂದು ತನ್ನ ಜಾಲತಾಣದಲ್ಲಿ ಸದಸ್ಯರೇ ತಮ್ಮ ಫೋಟೊ ಹಾಕಿಕೊಳ್ಳುವ ಅನುಕೂಲ ಮಾಡಿಸಿತ್ತು. ಮಾಡಿಕೊಟ್ಟವರು ಹಣ ಎಣಿಸಿಕೊಂಡು ಹೋದ ಮೇಲೆ ನನಗೆ ಕರೆ ಬಂತು. ಪುಟ ತೆರೆದು ನೋಡಿದರೆ ಅರ್ಧಕ್ಕರ್ಧ ನೇಕಾರರು ಮಗ್ಗುಲಾಗಿ ಮಲಗಿದ್ದಾರೆ. ಇಬ್ಬರು ತಲೆಕೆಳಗಾಗಿದ್ದಾರೆ. ಹಿರಿಯರೊಬ್ಬರ ಅಂಗಿಯ ಗುಂಡಿಗಳಷ್ಟೇ ಕಾಣುತ್ತಿವೆ. ರುಮಾಲೂ ಇಲ್ಲ, ಮುಖವೂ ಇಲ್ಲ. ‘ಇವರಿಗೆ ನೆಟ್ಟಗೆ ಒಂದು ಫೋಟೊ ತೆಗೆಯಲು ಬರುವುದಿಲ್ಲ’ ಎಂದು ಕಾರ್ಯದರ್ಶಿ ಸದಸ್ಯರನ್ನೇ ಬೈಯುತ್ತಿದ್ದರು. ಸದಸ್ಯರ ತಪ್ಪು ಏನೂ ಇರಲಿಲ್ಲ. ಬೆಳಗಾವಿಯಲ್ಲಿ ಕುಳಿತು ಊರೂರ ಜಾಲತಾಣ ರಿಪೇರಿ ಮಾಡುವ ನನಗೆ ಈ ಎಡವಟ್ಟು ಹೊಸದೂ ಅಲ್ಲ.

ಮೊದಲು ಫಾರಂ. ಫೈಲ್ ಆಯ್ಕೆಯ ಒಂದು ಗುಂಡಿ, ಫಾರಂನ ಎನ್‌ಕೋಡಿಂಗ್ ‘ಮಲ್ಟಿಪಾರ್ಟ್’, ಅಂದರೆ ಬರಹದ ಜೊತೆ ಕಡತವನ್ನೂ ಕಳಿಸುವ ಬಗೆ. ಮುಗಿಯಿತು. ‘ಕ್ಯಾಪ್ಚರ್’ ಎಂಬ ಗುಣವನ್ನು ಮಾತ್ರ ಸೇರಿಸಬೇಡಿ. ಸೇರಿಸಿದರೆ ಎಷ್ಟೋ ಮೊಬೈಲ್‌ಗಳು ಗ್ಯಾಲರಿ ಬಿಟ್ಟು ನೇರವಾಗಿ ಕ್ಯಾಮೆರಾ ತೆರೆಯುತ್ತವೆ. ಮಗನ ಮದುವೆಯಲ್ಲಿ ತೆಗೆಸಿದ ಚೆಂದದ ಫೋಟೊ ಇರುವಾಗ, ಮಗ್ಗದಿಂದ ಎದ್ದು ಬೆವರು ಒರೆಸಿಕೊಳ್ಳುತ್ತಿರುವ ಮುಖವನ್ನು ಯಾರು ಹಾಕುತ್ತಾರೆ?

ಆಮೇಲೆ ಗಾತ್ರದ ಮಿತಿ. ಇಂದಿನ ಮೊಬೈಲ್ ಫೋಟೊ 3–4 ಎಂಬಿ ಇರುವುದು ಸಾಮಾನ್ಯ. ನೀವು ಏನೂ ಬದಲಿಸದಿದ್ದರೆ, ಸರ್ವರಿನಲ್ಲಿ ಜಾಲತಾಣ ಓಡಿಸುವ ಪಿಎಚ್‌ಪಿ ಭಾಷೆ ಒಪ್ಪುವುದು 2 ಎಂಬಿ. ಅದರ ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ 1 ಎಂಬಿಗೇ ಬಾಗಿಲು ಹಾಕಿ 413 ಎಂಬ ದೋಷಸಂಖ್ಯೆ ತೋರಿಸುತ್ತದೆ. ಇಡೀ ಫಾರಂಗೆ ಪಿಎಚ್‌ಪಿಯಲ್ಲಿ 8 ಎಂಬಿಯ ಇನ್ನೊಂದು ಮಿತಿಯಿದೆ. ಮೂರನ್ನೂ ಏರಿಸಿ, ಫೋಟೊಗೆ 10 ಎಂಬಿ, ಉಳಿದೆರಡಕ್ಕೆ 12 ಸಾಕು. ‘ಫೋಟೊ ಚಿಕ್ಕದು ಮಾಡಿಕೊಂಡು ಬನ್ನಿ’ ಎನ್ನುವುದು ಸೋಮಾರಿಗಳ ಮಾತು. ಹಾಗೆ ಹೇಳಿಸಿಕೊಂಡವರು ಜಾಹೀರಾತು ತುಂಬಿದ ಯಾವುದೋ ಪುಕ್ಕಟೆ ಆ್ಯಪ್ ಇಳಿಸಿಕೊಂಡು, ಮೂಲೆಯಲ್ಲಿ ಆ್ಯಪಿನ ಮುದ್ರೆ ಬಿದ್ದ ಮಸುಕು ಚಿತ್ರ ತರುತ್ತಾರೆ.

ಬಂದದ್ದು ಚಿತ್ರವೇ ಎಂದು ನೋಡುವುದು. ಕಡತದ ಹೆಸರಿನ ಕೊನೆಗೆ ‘ಜೆಪಿಜಿ’ ಎಂದಿರುವುದು ಚೀಲದ ಮೇಲಿನ ಬರಹವಿದ್ದಂತೆ. ಒಳಗೆ ಜೋಳವಿದೆಯೋ ಕಲ್ಲಿದೆಯೋ ಬಿಚ್ಚಿಯೇ ನೋಡಬೇಕು. ಇದು ಇಂಥ ಕಡತ ಎಂದು ಬ್ರೌಸರ್ ಕಳಿಸುವ ‘ಬಗೆ’ ಕೂಡ ಬರೀ ಮಾತು. ಜೆಪೆಗ್ ಕಡತದ ಮೊದಲ ಮೂರು ಬೈಟ್‌ಗಳು ಹೆಕ್ಸ್ (16ರ ಮಾನದ) ಅಂಕಿಗಳಲ್ಲಿ ಯಾವಾಗಲೂ ಎಫ್‌ಎಫ್, ಡಿ8, ಎಫ್‌ಎಫ್. ಪಿಎನ್‌ಜಿಯದು 89ರಿಂದ ಶುರುವಾಗುತ್ತದೆ. ಸರ್ವರಿನಲ್ಲಿ ಇದನ್ನು ಓದಿಯೇ ಒಳಗೆ ಬಿಡಿ. ಎಸ್‌ವಿಜಿ ಎಂಬ ರೇಖಾಚಿತ್ರದ ಕಡತವನ್ನು ಒಳಗೆ ಬಿಡಲೇಬೇಡಿ, ಅದರೊಳಗೆ ಜಾವಾಸ್ಕ್ರಿಪ್ಟ್ ಅಡಗಿ ಕೂರಬಲ್ಲದು. ಐಫೋನ್‌ನ ಎಚ್‌ಇಐಸಿ ಎಂಬ ಬಗೆಯ ಫೋಟೊ ಬಂದರೆ ಜೆಪೆಗ್‌ಗೆ ಬದಲಿಸಿ, ಆಗದಿದ್ದರೆ ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸಿ.

ಈಗ ಎಲ್ಲರೂ ಮುಗ್ಗರಿಸುವ ಜಾಗ. ಬಂದ ಕಡತವನ್ನು ಬಂದ ಹಾಗೆಯೇ ಇಡಬೇಡಿ. ಮಹಾಲಿಂಗಪುರದ ಕಡೆಯ ಆಲೆಮನೆಯಲ್ಲಿ ಯಾರೂ ಕಬ್ಬನ್ನೇ ತಂದು ಅಚ್ಚಿಗೆ ತುರುಕುವುದಿಲ್ಲ. ಹಿಂಡಿ, ಸೋಸಿ, ಕಾಯಿಸಿ, ಆಮೇಲೆ ಅಚ್ಚು. ಚಿತ್ರವನ್ನೂ ಹಾಗೆಯೇ ಸರ್ವರಿನಲ್ಲಿ ಬಿಚ್ಚಿ, ಪಿಕ್ಸೆಲ್‌ಗಳನ್ನಷ್ಟೇ ತೆಗೆದುಕೊಂಡು ಹೊಸ ಜೆಪೆಗ್ ಬರೆಯಬೇಕು.

ಬಿಚ್ಚುವ ಮುನ್ನ ಅಗಲ, ಎತ್ತರ ಕೇಳಿಕೊಳ್ಳಿ. ಕೆಲವೇ ಕೆಬಿ ತೂಗುವ ಕಡತವೂ 10,000ಕ್ಕೆ 10,000 ಪಿಕ್ಸೆಲ್ ಎಂದು ಹೇಳಿಕೊಂಡು ಬರಬಹುದು. ಪಿಕ್ಸೆಲಿಗೆ 4 ಬೈಟ್ ಹಿಡಿದರೂ ಬಿಚ್ಚಿದಾಗ 40 ಕೋಟಿ ಬೈಟ್ ಮೆಮೊರಿ ಬೇಕು, ಸರ್ವರ್ ಮಂಡಿಯೂರುತ್ತದೆ. ಮೊಬೈಲ್ ಫೋಟೊ ಸಾಮಾನ್ಯವಾಗಿ 1.2 ಕೋಟಿ ಪಿಕ್ಸೆಲ್‌ನ ಆಸುಪಾಸು ಇರುವುದರಿಂದ 2.5 ಕೋಟಿ ಮೀರಿದ್ದನ್ನು ನಾನು ವಾಪಸ್ ಕಳಿಸುತ್ತೇನೆ.

ನೇಕಾರರು ಏಕೆ ಮಲಗಿದ್ದರು? ಮೊಬೈಲನ್ನು ನೆಟ್ಟಗೆ ಹಿಡಿದು ಫೋಟೊ ತೆಗೆದರೂ ಒಳಗಿನ ಸೆನ್ಸರ್ ಅಡ್ಡವಾಗಿಯೇ ಕೂತಿರುತ್ತದೆ. ಎಷ್ಟೋ ಕ್ಯಾಮೆರಾಗಳು ಚಿತ್ರವನ್ನು ತಿರುಗಿಸುವ ಗೋಜಿಗೆ ಹೋಗದೆ ಅಡ್ಡವಾಗಿಯೇ ಬರೆದು, ಜೊತೆಗೆ ಒಂದು ಚೀಟಿ ಇಡುತ್ತವೆ. ಎಕ್ಸಿಫ್ ಎನ್ನುವುದು ಆ ಚೀಟಿಯ ಹೆಸರು. ಅದರಲ್ಲಿ ದಿಕ್ಕಿಗೆ 1ರಿಂದ 8ರವರೆಗೆ ಒಂದು ಅಂಕಿ. 1 ಎಂದರೆ ಸರಿಯಾಗಿದೆ. 6 ಎಂದರೆ ಗಡಿಯಾರದ ಮುಳ್ಳಿನಂತೆ 90 ಡಿಗ್ರಿ ತಿರುಗಿಸಿ ತೋರಿಸು. 3 ಎಂದರೆ ತಲೆಕೆಳಗಿದೆ, 180 ತಿರುಗಿಸು. ಮೊಬೈಲ್ ಚೀಟಿ ಓದಿಕೊಂಡು ತೋರಿಸುವುದರಿಂದ ಸದಸ್ಯರಿಗೆ ಫೋಟೊ ನೆಟ್ಟಗೇ ಕಂಡಿರುತ್ತದೆ. ಸಂಘದ ಸರ್ವರ್ ಚಿತ್ರವನ್ನು ಚಿಕ್ಕದು ಮಾಡುವಾಗ ಚೀಟಿಯನ್ನು ಓದದೆ ಹರಿದು ಹಾಕಿತ್ತು. ಆ ತಲೆಕೆಳಗಾದ ಇಬ್ಬರ ಚೀಟಿಯಲ್ಲಿ 3 ಇತ್ತು.

ಆದ್ದರಿಂದ ಕ್ರಮ ಹೀಗಿರಲಿ: ಚೀಟಿ ಓದು, ತಿರುಗಿಸು, ಚಿಕ್ಕದು ಮಾಡು, ಕೊನೆಗೆ ಚೀಟಿ ಬಿಸಾಡು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬಳಸುವವರು ‘ಆಟೊ ಓರಿಯೆಂಟ್’ ಮೊದಲು, ‘ಸ್ಟ್ರಿಪ್’ ಆಮೇಲೆ ಬರೆಯಬೇಕು. ಪೈಥಾನ್ ಭಾಷೆಯ ಪಿಲ್ಲೋ ಎಂಬ ಚಿತ್ರ ಸಾಧನದಲ್ಲಿ ತಿರುಗಿಸಲು ‘ಎಕ್ಸಿಫ್ ಟ್ರಾನ್ಸ್‌ಪೋಸ್’ ಇದೆ. ಪಿಎಚ್‌ಪಿಯ ಚಿತ್ರ ಸಾಧನವಾದ ಜಿಡಿಯಲ್ಲಿ ನಾವೇ ತಿರುಗಿಸಬೇಕು. ಅಲ್ಲಿ ನಾನೂ ಎಡವಿದ್ದೇನೆ: ಜಿಡಿಯ ‘ಇಮೇಜ್ ರೊಟೇಟ್’ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ ಎಂಬುದನ್ನು ಮರೆತು 6ಕ್ಕೆ 90 ಎಂದು ಕೊಟ್ಟೆ. ಮಲಗಿದ್ದ ನೇಕಾರರೆಲ್ಲ ಎದ್ದು ಶೀರ್ಷಾಸನ ಹಾಕಿದರು. ಅಲ್ಲಿ ಕೊಡಬೇಕಾದದ್ದು 270.

ಚೀಟಿಯನ್ನು ಬಿಸಾಡಲು ಇನ್ನೊಂದು ಕಾರಣವಿದೆ. ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಅಕ್ಷಾಂಶ, ರೇಖಾಂಶ ಕೂಡ ಅದರಲ್ಲೇ ಕೂತಿರುತ್ತವೆ. ಮನೆಯ ಅಂಗಳದಲ್ಲಿ ನಿಂತ ಹೆಣ್ಣುಮಗಳ ಮೂಲ ಕಡತವನ್ನು ಜಾಲತಾಣದಲ್ಲಿಟ್ಟರೆ ಅವಳ ಮನೆಯ ದಾರಿಯನ್ನೂ ಊರಿಗೆಲ್ಲ ಹಂಚಿದಂತೆ.

ಕತ್ತರಿಸುವುದು. ನಟ್ಟನಡುವೆ ತಾನಾಗಿ ಕತ್ತರಿಸುವ ಕೋಡ್ ಉದ್ದದ ಫೋಟೊದಲ್ಲಿ ಎದೆಯನ್ನು ಹಿಡಿಯುತ್ತದೆ, ತಲೆ ಬಿಡುತ್ತದೆ. ಹಿರಿಯರ ಗುಂಡಿಗಳ ಕಥೆ ಅದೇ. ವಿಜಯಪುರದವರು ಇರುವ ಜಾಲತಾಣವಾದರೆ ಗೋಳಗುಮ್ಮಟದ ಮುಂದೆ ನಿಂತ ಫೋಟೊ ನಾಲ್ಕಾರು ಬಂದೇ ಬರುತ್ತವೆ. ಗುಮ್ಮಟ ಪೂರ್ತಿ ಬರಲೆಂದು ಫೋಟೊ ತೆಗೆದವರು ಹಿಂದೆ ಹಿಂದೆ ಸರಿದಿರುತ್ತಾರೆ. ಹೆಸರಿನ ಪಕ್ಕ ಕಾಣುವ 48 ಪಿಕ್ಸೆಲಿನ ವೃತ್ತದಲ್ಲಿ ಗುಮ್ಮಟದ ಗುರುತು ಸಿಗುತ್ತದೆ, ಮನುಷ್ಯ ಸಾಸಿವೆಕಾಳು. ಬೆರಳಿನಿಂದ ಎಳೆದು ಹಿಗ್ಗಿಸುವ ಸಾಧನ ಕೊಡಿ, ಕ್ರಾಪರ್ ಜೆಎಸ್ ಎಂಬ ಸಿದ್ಧ ಕೋಡ್ ಸಾಕು. ಪಕ್ಕದಲ್ಲೇ ಆ ಪುಟ್ಟ ವೃತ್ತವನ್ನು ಅದರ ನಿಜವಾದ ಅಳತೆಯಲ್ಲಿ ತೋರಿಸಿ. ತೋರಿಸಿದರೆ ಯಾರಿಗೂ ಏನೂ ಹೇಳಿಕೊಡಬೇಕಾಗುವುದಿಲ್ಲ.

ಉಳಿಸುವುದು ಸುಲಭ: 512 ಪಿಕ್ಸೆಲ್ ಚೌಕ ಒಂದು, 96ರದು ಒಂದು, ಸ್ಕ್ರಿಪ್ಟ್ ಓಡದ ಫೋಲ್ಡರಿನಲ್ಲಿ. ಕಡತದ ಹೆಸರು ಪ್ರತಿ ಸಲವೂ ಹೊಸದಾಗಿ, ಯಾದೃಚ್ಛಿಕವಾಗಿ ಹುಟ್ಟಲಿ. ಹಳೆಯ ಹೆಸರನ್ನೇ ಇಟ್ಟರೆ ಬ್ರೌಸರ್ ತಾನು ಕೂಡಿಟ್ಟುಕೊಂಡ ಹಳೆಯ ಮುಖವನ್ನೇ ತೋರಿಸುತ್ತದೆ, ‘ಫೋಟೊ ಬದಲಾಗಲೇ ಇಲ್ಲ’ ಎಂಬ ಫೋನು ನಿಮಗೆ ಬರುತ್ತದೆ. ‘ತೆಗೆದುಹಾಕು’ ಗುಂಡಿಯೂ ಇರಲಿ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೊಟ್ಟಿದೆ.

ಇಷ್ಟೆಲ್ಲ ಏಕೆ, ಒಂದೇ ಫೋಟೊವನ್ನು ಹಲವು ಜಾಲತಾಣಗಳಲ್ಲಿ ತೋರಿಸುವ ಗ್ರಾವತಾರ್ ಸೇವೆ ಜೋಡಿಸಿದರಾಯಿತು ಎನ್ನುವವರಿದ್ದಾರೆ. ಅದು ಇಮೇಲ್ ವಿಳಾಸದ ಮೇಲೆ ನಿಂತಿದೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಮೊಬೈಲ್ ಸಂಖ್ಯೆ ಕೊಟ್ಟು ಸೇರಿದವರು.

ಫೋಟೊ ಬೇಡ ಎನ್ನುವವರಿಗೆ. ಎಷ್ಟೋ ಮಹಿಳೆಯರು ಮುಖ ಹಾಕಲು ಒಪ್ಪುವುದಿಲ್ಲ, ಒತ್ತಾಯಿಸಬಾರದು. ಗುಳೇದಗುಡ್ಡದ ಖಣದ ವಿನ್ಯಾಸ, ಇಳಕಲ್ ಸೀರೆಯ ಸೆರಗು, ದಡಿ ಎಂದು ಹತ್ತು ಸಿದ್ಧ ಚಿತ್ರಗಳನ್ನು ಆಯ್ಕೆಗೆ ಇಟ್ಟೆವು. ಅದನ್ನೂ ಆರಿಸದವರಿಗೆ ಬಣ್ಣದ ವೃತ್ತದಲ್ಲಿ ಹೆಸರಿನ ಮೊದಲ ಅಕ್ಷರ. ಇಂಗ್ಲಿಷಿಗೆ ಬರೆದ ಕೋಡ್ ಇಲ್ಲಿ ಕೈಕೊಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಮೊದಲ ಬೈಟನ್ನಷ್ಟೇ ಕತ್ತರಿಸಿದರೆ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ಹರಳು ಬರುತ್ತದೆ. ಚಿಹ್ನೆ ಲೆಕ್ಕದಲ್ಲಿ ಕತ್ತರಿಸಿದರೆ ಶ್ರೀಶೈಲನಿಗೆ ಬರೀ ‘ಶ’ ಸಿಗುತ್ತದೆ, ಏಕೆಂದರೆ ‘ಶ್ರೀ’ ಒಂದಕ್ಕೇ ಶ, ಹಲಂತ, ರ, ಈಕಾರ ಎಂದು ನಾಲ್ಕು ಚಿಹ್ನೆಗಳು. ಮೊದಲ ವ್ಯಂಜನ, ಹಲಂತ ಇರುವವರೆಗೆ ಮುಂದಿನ ವ್ಯಂಜನ, ಆಮೇಲೆ ಸ್ವರಚಿಹ್ನೆ, ಇದ್ದರೆ ಸೊನ್ನೆ ಎಂದು ನಿಯಮ ಬರೆಯಿರಿ. ಶ್ರೀಶೈಲ, ಪ್ರಭಾವತಿ, ಕಾಶೀಬಾಯಿ, ಗಂಗವ್ವ ಎಂಬ ನಾಲ್ಕು ಹೆಸರು ಕೊಟ್ಟು ನೋಡಿ. ಶ್ರೀ, ಪ್ರ, ಕಾ, ಗಂ ಎಂದು ಬಂದರೆ ಜಾಲತಾಣವನ್ನು ಸದಸ್ಯರಿಗೆ ತೆರೆಯಬಹುದು.