ದುಡ್ಡು ಕೊಟ್ಟು ಇಳಿಸಿಕೊಂಡ ಸಂಗೀತ, ಕನ್ನಡ ಹೆಸರಿನ ಸಮೇತ: ನನ್ನ ಅನುಭವ

ಭಾರತದ ಕಾರ್ಡ್ ನಡೆಯುವುದಿಲ್ಲ, ಆಲ್ಬಂನ ಜಿಪ್ ಫೈಲು ಅರ್ಧ ಇಳಿದು ನಿಲ್ಲುತ್ತದೆ, ಕನ್ನಡದ ಹೆಸರುಗಳು ಕಾರಿನ ಸ್ಟೀರಿಯೊ ಮುಟ್ಟುವಷ್ಟರಲ್ಲಿ ಕೆಟ್ಟುಹೋಗುತ್ತವೆ. ಕರ್ನಾಟಕ ಸಂಗೀತದ ಆಲ್ಬಂಗಳನ್ನು ಫ್ಲ್ಯಾಕ್‌ನಲ್ಲೇ (ಗುಣಮಟ್ಟ ಕುಂದದಂತೆ ಕುಗ್ಗಿಸಿದ ಧ್ವನಿ ಫೈಲು) ಕೊಂಡು ಇಟ್ಟುಕೊಳ್ಳುತ್ತೇನೆ ಅಂದಾಗ ಬಲ್ಲವರೇ ಹೇಳಿದ ಮಾತುಗಳಿವು. ಮೂರೂ ನಿಜವಾದ ತೊಂದರೆಗಳೇ, ಮೂರಕ್ಕೂ ದಾರಿ ಇದೆ. ಈಗ ಕೊಂಡ ಆಲ್ಬಂಗಳು ಇನ್ನೂರರ ಮೇಲಿವೆ, ಒಟ್ಟು ಸುಮಾರು 90 ಜಿಬಿ. ಒಂದು ಹೆಸರೂ ಕೆಟ್ಟಿಲ್ಲ, ಒಂದು ಫೈಲೂ ಪರೀಕ್ಷೆಯಲ್ಲಿ ಬಿದ್ದಿಲ್ಲ.

ಸ್ಟ್ರೀಮಿಂಗ್ ಇರುವಾಗ ಯಾಕೆ ಈ ಪಾಡು ಅನ್ನುವವರಿಗೆ ಒಂದೇ ಉದಾಹರಣೆ ಸಾಕು. ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ತೆರೆದ ಫ್ಲೈಟ್ ಎಂಬ ಎಂಪಿ3 ಅಂಗಡಿ 2013ರ ಜೂನ್‌ನಲ್ಲಿ ಮಾರಾಟ ನಿಲ್ಲಿಸಿತು. ಇಳಿಸಿಟ್ಟುಕೊಂಡವರ ಫೈಲುಗಳು ಇವತ್ತಿಗೂ ಹಾಡುತ್ತವೆ.

ಮೊದಲು ದುಡ್ಡಿನ ವಿಷಯ. 2020ರಲ್ಲಿ ನಿಯಮ ಬದಲಾದ ಮೇಲೆ ಹೊಸದಾಗಿ ಬಂದ ಕಾರ್ಡುಗಳಲ್ಲಿ ವಿದೇಶಿ ಮತ್ತು ಆನ್‌ಲೈನ್ ವಹಿವಾಟು ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ತೆರೆಯಬೇಕು. ಒಂದನ್ನು ಮಾತ್ರ ತೆರೆದರೆ ಕಾರ್ಡ್ ತಿರಸ್ಕೃತ ಎಂದಷ್ಟೇ ಬರುತ್ತದೆ, ಕಾರಣ ಬರುವುದಿಲ್ಲ. ಆಗ ಮತ್ತೆಮತ್ತೆ ಒತ್ತಿದರೆ ಬ್ಯಾಂಕಿನ ವಂಚನೆ ತಡೆ ವ್ಯವಸ್ಥೆ ಕಾರ್ಡನ್ನೇ ನಿಲ್ಲಿಸಬಹುದು. ಒಮ್ಮೆ ತಿರಸ್ಕೃತವಾದರೆ ಮಿತಿ ನೋಡಿ, ಸರಿಪಡಿಸಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ, ಅಷ್ಟೇ. ನಾನು ವಿದೇಶಿ ಮಿತಿಯನ್ನು ಎರಡು ಸಾವಿರಕ್ಕೆ ಇಟ್ಟು, ಕೊಂಡ ತಕ್ಷಣ ಮುಚ್ಚುತ್ತೇನೆ.

ಏಳು ಡಾಲರಿನ ಆಲ್ಬಂ ಆರುನೂರು ರೂಪಾಯಿಯ ಆಸುಪಾಸು. ಅದರ ಮೇಲೆ ಕಾರ್ಡಿನ ವಿನಿಮಯ ಶುಲ್ಕ ಸಾಮಾನ್ಯವಾಗಿ 2ರಿಂದ 3.5 ಶೇಕಡಾ, ಆ ಶುಲ್ಕದ ಮೇಲೆ 18 ಶೇಕಡಾ ಜಿಎಸ್‌ಟಿ. ಹೆಚ್ಚೆಂದರೆ ಇಪ್ಪತ್ತೈದು ರೂಪಾಯಿ. ಇದಕ್ಕಿಂತ ದೊಡ್ಡದು ವಿದೇಶದಿಂದ ಮಾರುವ ಡಿಜಿಟಲ್ ಸರಕಿನ ಮೇಲಿನ 18 ಶೇಕಡಾ ತೆರಿಗೆ. ಕೆಲವು ಅಂಗಡಿಗಳು ಬೆಲೆಯೊಳಗೇ ಸೇರಿಸಿರುತ್ತವೆ, ಕೆಲವು ಕೊನೆಯ ಪುಟದಲ್ಲಿ ಕೂಡಿಸುತ್ತವೆ. ಹಾಗಾಗಿ ಎರಡು ಅಂಗಡಿಗಳ ಬೆಲೆ ಹೋಲಿಸುವುದಿದ್ದರೆ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಪೇಪಾಲ್ ಎಂಬ ಪಾವತಿ ಸೇವೆಯಲ್ಲಿ ಕೊಡುವುದಾದರೆ ಕರೆನ್ಸಿ ಬದಲಾವಣೆಯ ಆಯ್ಕೆ ತೆರೆದು, ಡಾಲರಿನಲ್ಲೇ ಕಾರ್ಡಿಗೆ ಹಾಕಲು ಹೇಳಬೇಕು. ರೂಪಾಯಿ ಆಯ್ದರೆ ಪೇಪಾಲ್‌ನ ವಿನಿಮಯ ದರವನ್ನೇ ತೆರಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ನೂರಕ್ಕೆ ಮೂರು ನಾಲ್ಕು ರೂಪಾಯಿ ಅಲ್ಲೇ ಹೋಗುತ್ತದೆ.

ಎಲ್ಲರೂ ಸೋತು ಕೈಬಿಡುವ ಜಾಗ ಬೇರೆ. ಬೆಂಗಳೂರಿನ ಕಲಾವಿದರು ಬ್ಯಾಂಡ್‌ಕ್ಯಾಂಪ್‌ನಲ್ಲಿ (ಕಲಾವಿದರೇ ತಮ್ಮ ಸಂಗೀತ ಮಾರುವ ಆನ್‌ಲೈನ್ ಅಂಗಡಿ) ಹಾಕಿದ ಆಲ್ಬಂ ಅಮೆರಿಕದಲ್ಲಿರುವವರಿಗೆ ಸಿಗುತ್ತದೆ, ಜಯನಗರದಲ್ಲಿ ಕೂತವರ ಪಾವತಿ ಮಾತ್ರ ತಿರಸ್ಕೃತವಾಗುತ್ತದೆ. ಕಾರಣ ಕಾರ್ಡಲ್ಲ, ಅಲ್ಲಿ ಹಣ ಕಲಾವಿದರಿಗೆ ಪೇಪಾಲ್ ಮೂಲಕ ಹೋಗುವುದು. 2021ರ ಏಪ್ರಿಲ್ 1ರಿಂದ ಪೇಪಾಲ್ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ. ಕೊಡುವವರೂ ಪಡೆಯುವವರೂ ಭಾರತದ ಖಾತೆಯವರಾದರೆ ಹಣ ದಾಟುವುದಿಲ್ಲ. ಕಾರ್ಡ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ನಾನು ಹಿಡಿದ ದಾರಿ: ಕಲಾವಿದರಿಗೆ ನೇರವಾಗಿ ಬರೆದು, ಯುಪಿಐನಲ್ಲಿ ಹಣ ಹಾಕಿ, ಅವರ ಖಾತೆಯಿಂದ ಒಂದು ಡೌನ್‌ಲೋಡ್ ಕೋಡ್ ಕೇಳುವುದು. ಕೋಡ್ ಹಾಕಿದರೆ ಕೊಂಡವರಿಗೆ ಸಿಗುವ ಎಲ್ಲ ಫಾರ್ಮ್ಯಾಟೂ ಸಿಗುತ್ತದೆ, ಆಲ್ಬಂ ನಮ್ಮ ಖಾತೆಗೂ ಸೇರುತ್ತದೆ. ಡಿಜಿಟಲ್ ಮಾರಾಟದಲ್ಲಿ ಅಂಗಡಿಯ ಪಾಲು 15 ಶೇಕಡಾ. ಈ ದಾರಿಯಲ್ಲಿ ಅದೂ ಕಲಾವಿದರಿಗೇ ಉಳಿಯುತ್ತದೆ. ಹೊರದೇಶದ ನೆಂಟರಿದ್ದರೆ ಅವರಿಂದ ಉಡುಗೊರೆಯಾಗಿ ಕಳಿಸಿಕೊಳ್ಳುವುದು ಇನ್ನೊಂದು ದಾರಿ. ಸಿನಿಮಾ ಹಾಡಿಗೆ ಇಷ್ಟೆಲ್ಲ ಬೇಡ: 2012ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದ ಐಟ್ಯೂನ್ಸ್ ಸ್ಟೋರ್ ರೂಪಾಯಿಯಲ್ಲೇ ಮಾರುತ್ತದೆ, 256 ಕೆಬಿಪಿಎಸ್ ಎಎಸಿ (ಎಂಪಿ3ಯ ಹಾಗೆ ಕುಗ್ಗಿಸಿದ ಧ್ವನಿ), ನಕಲಿಗೆ ಬೀಗವಿಲ್ಲದ ಫೈಲು.

ಇನ್ನು ಇಳಿಸುವುದು. ಸೀಡಿ ಗುಣಮಟ್ಟದ ಫ್ಲ್ಯಾಕ್ ನಿಮಿಷಕ್ಕೆ 5ರಿಂದ 6 ಎಂಬಿ, ಎರಡೂವರೆ ಗಂಟೆಯ ಸಂಗೀತ ಕಚೇರಿ ಎಂದರೆ ಮುಕ್ಕಾಲು ಜಿಬಿಗಿಂತ ಮೇಲೆ. 24 ಬಿಟ್, 96 ಕಿಲೋಹರ್ಟ್ಸ್‌ನ ಇನ್ನೂ ಸೂಕ್ಷ್ಮ ಪ್ರತಿಯಾದರೆ ಅದರ ಮೂರು ಪಟ್ಟು. ಇಷ್ಟು ದೊಡ್ಡ ಜಿಪ್ ನಡುವೆ ನಿಂತರೆ ಮುಂದುವರಿಸುವ ಮೊದಲು ಎರಡು ವಿಷಯ ನೋಡಿ. ಡೌನ್‌ಲೋಡಿನಲ್ಲಿ ಒಟ್ಟು ಗಾತ್ರವೇ ಕಾಣದಿದ್ದರೆ ಸರ್ವರ್ ಆ ಜಿಪ್ಪನ್ನು ಕಳಿಸುತ್ತಲೇ ಕಟ್ಟುತ್ತಿರುತ್ತದೆ, ಅಂಥದ್ದು ಮುಂದುವರಿಯುವುದಿಲ್ಲ. ಒಟ್ಟು ಗಾತ್ರ ಕಂಡರೂ ಲಿಂಕಿಗೆ ಅವಧಿ ಇರುತ್ತದೆ. ಅವಧಿ ಮುಗಿದ ಲಿಂಕಿನಿಂದ ಮುಂದುವರಿಸಿದರೆ ಕೆಲವು ಡೌನ್‌ಲೋಡ್ ಮ್ಯಾನೇಜರುಗಳು ದೋಷದ ಪುಟವನ್ನೇ ಜಿಪ್ ಹೆಸರಿನಲ್ಲಿ ಉಳಿಸುತ್ತವೆ. ಕೆಲವೇ ಕೆಬಿಯ ಜಿಪ್ ಕಂಡರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಒಳಗೆ ವೆಬ್‌ಪುಟ ಇರುತ್ತದೆ. ಖಾತೆಯಿಂದ ಹೊಸ ಲಿಂಕ್ ತೆಗೆದು ಹಳೆಯ ಅರ್ಧ ಫೈಲಿಗೆ ಜೋಡಿಸಬಹುದು, ಆದರೆ ಎರಡೂ ಸಲ ಗಾತ್ರ ಒಂದು ಬೈಟೂ ವ್ಯತ್ಯಾಸವಿಲ್ಲದೆ ಒಂದೇ ಇರಬೇಕು. ಇಷ್ಟಾದರೂ ಜಿಪ್ಪನ್ನು ಸರ್ವರ್ ಹೊಸದಾಗಿ ಕಟ್ಟಿದ್ದರೆ ಒಳಗಿನ ಸಮಯಮುದ್ರೆ ಬದಲಾಗಿ ಜೋಡಣೆ ಕೆಡುತ್ತದೆ. ಒಂದು ಸಲ ಜೋಡಿಸಿ ನೋಡುತ್ತೇನೆ, ಆಗದಿದ್ದರೆ ಟ್ರ್ಯಾಕ್ ಟ್ರ್ಯಾಕಾಗಿ ಇಳಿಸುತ್ತೇನೆ. ಒಂದೇ ಫೈಲನ್ನು ಒಟ್ಟಿಗೆ ಎಂಟು ಎಳೆಗಳಲ್ಲಿ (ಸಂಪರ್ಕಗಳಲ್ಲಿ) ಎಳೆಯುವ ಡೌನ್‌ಲೋಡ್ ಮ್ಯಾನೇಜರ್ ಬೇಡ. ಅನೇಕ ಸರ್ವರ್‌ಗಳು ಎರಡನೆಯ ಎಳೆಯನ್ನೇ ಕತ್ತರಿಸುತ್ತವೆ.

ಇಳಿದ ಮೇಲೆ ಕೇಳುವ ಮೊದಲು ಪರೀಕ್ಷೆ. ಜಿಪ್ಪಿಗೆ ಸೆವೆನ್‌ಜಿಪ್ ಪ್ರೋಗ್ರಾಮಿನ ಟೆಸ್ಟ್, ಬಿಡಿಸಿದ ಮೇಲೆ ಫ್ಲ್ಯಾಕ್ ಪ್ರೋಗ್ರಾಮಿನ ಟೆಸ್ಟ್. ಫ್ಲ್ಯಾಕ್ ಫೈಲಿನ ತಲೆಯಲ್ಲೇ ಮೂಲ ಧ್ವನಿಯ ಎಂಡಿ5 (ಬೆರಳಚ್ಚಿನಂಥ ತಾಳೆಸಂಖ್ಯೆ) ಇರುತ್ತದೆ, ಒಂದು ಬಿಟ್ ತಪ್ಪಿದರೂ ಸಿಕ್ಕಿಬೀಳುತ್ತದೆ. ಎಂಪಿ3ಯಲ್ಲಿ ಈ ಖಾತ್ರಿ ಇಲ್ಲ. ಕಚೇರಿಗೆ ಎಂಪಿ3 ಬೇಡ ಅನ್ನುವುದಕ್ಕೆ ಇನ್ನೂ ಬಲವಾದ ಕಾರಣ ಇದೆ: ಎಂಪಿ3 ಮಾಡುವ ಎನ್‌ಕೋಡರ್ ಪ್ರತಿ ಟ್ರ್ಯಾಕಿನ ಹಿಂದೆ ಮುಂದೆ ಸ್ವಲ್ಪ ಮೌನ ಸೇರಿಸುತ್ತದೆ. ಒಂದೇ ಓಟದಲ್ಲಿ ಸಾಗುವ ರಾಗಂ ತಾನಂ ಪಲ್ಲವಿಯನ್ನು ಮೂರು ಟ್ರ್ಯಾಕ್ ಮಾಡಿ ಮಾರಿದ್ದರೆ ತಂಬೂರಿಯ ಶ್ರುತಿ ಎರಡು ಕಡೆ ಕಡಿಯುತ್ತದೆ. ಆ ಕಡಿತವನ್ನು ನಾನು ಸಹಿಸಲಾರೆ.

ಕನ್ನಡದ ಹೆಸರುಗಳ ವಿಷಯವನ್ನು ಬೇರೆಯವರು ಬರೆದದ್ದು ನಾನು ಕಂಡಿಲ್ಲ, ಹಾಗಾಗಿ ವಿವರವಾಗಿ. ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಕನ್ನಡದ ಪ್ರತಿ ಸಂಕೇತ (ವ್ಯಂಜನ, ಸ್ವರಚಿಹ್ನೆ ಪ್ರತಿಯೊಂದೂ ಒಂದು) ಮೂರು ಬೈಟ್, ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಆದ್ದರಿಂದ ಕೆಟ್ಟ ರೀತಿ ನೋಡಿಯೇ ಕಾರಣ ಹೇಳಬಹುದು. ಗ್ರೀಕ್ ಆಲ್ಫಾ, ಪಕ್ಕದಲ್ಲಿ ಚುಕ್ಕಿ ತುಂಬಿದ ಚೌಕ ಅಥವಾ ನಿಂತ ಗೆರೆ ಮತ್ತೆಮತ್ತೆ ಬಂದರೆ ಜಿಪ್ ಬಿಡಿಸಿದ ಪ್ರೋಗ್ರಾಂ ಹಳೆಯ ಡಾಸ್ ಕೋಡ್‌ಪೇಜ್ (ಅಕ್ಷರಗಳ ಸಂಕೇತಪಟ್ಟಿ) ಹಿಡಿದಿದೆ. ಹೊಸ ಪ್ರೋಗ್ರಾಮಿನಲ್ಲಿ ಬಿಡಿಸಿದರೆ ಸರಿ. ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಸಣ್ಣ 2 ಅಥವಾ 3 ಬಂದರೆ ಟ್ಯಾಗನ್ನು (ಫೈಲಿನೊಳಗಿನ ಹಾಡಿನ ವಿವರ) ಪ್ರೋಗ್ರಾಂ ಲ್ಯಾಟಿನ್ ಎಂದು ಓದಿದೆ. ಎಂಪಿ3ಟ್ಯಾಗ್ ಪ್ರೋಗ್ರಾಮಿನ ಪರಿವರ್ತನೆಯಲ್ಲಿ ಯುಟಿಎಫ್-8 ಎಂದು ಓದಿಸಿದರೆ ಮರಳುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಹೆಸರು ಅಳಿದಿದೆ, ಮತ್ತೆ ಟೈಪ್ ಮಾಡಬೇಕು.

ಇನ್ನೊಂದು ಕಣ್ಣಿಗೆ ಕಾಣದ್ದು. ಹಳೆಯ ಮ್ಯಾಕ್‌ನಲ್ಲಿ ಕಟ್ಟಿದ ಜಿಪ್‌ನಲ್ಲಿ ಹೆಸರಿನ ಸ್ವರಚಿಹ್ನೆಗಳು ಬಿಡಿಸಿಕೊಂಡು ಬಂದಿರುತ್ತವೆ. ತೋಡಿ ಎಂಬ ರಾಗದ ಹೆಸರು ನಾಲ್ಕು ಸಂಕೇತ. ಬಿಡಿಸಿದಾಗ ಓತ್ವ ಒಂದೇ ಮೂರಾಗಿ ಒಟ್ಟು ಆರಾಗುತ್ತದೆ. ನೋಡಲು ಎರಡೂ ಒಂದೇ, ಹುಡುಕಿದರೆ ಸಿಗುವುದಿಲ್ಲ, ಸಿಂಕ್ ಮಾಡಿದರೆ ಒಂದೇ ಫೈಲು ಎರಡು ಸಲ ಕೂರುತ್ತದೆ. ಮೋಹನ, ಕಾಂಬೋಜಿ, ಭೈರವಿ, ಕೀರವಾಣಿ ಎಲ್ಲ ಹೀಗೆ ಸಿಕ್ಕಿಕೊಳ್ಳುತ್ತವೆ. ಕಲ್ಯಾಣಿ, ಶಂಕರಾಭರಣ, ಹಂಸಧ್ವನಿಗೆ ತೊಂದರೆ ಇಲ್ಲ. ಲಿನಕ್ಸ್‌ನ ಕಾನ್ವ್‌ಎಂವಿ ಪ್ರೋಗ್ರಾಮಿಗೆ ಎನ್‌ಎಫ್‌ಸಿ (ಬಿಡಿಸಿದ ಚಿಹ್ನೆಗಳನ್ನು ಮತ್ತೆ ಕೂಡಿಸಿದ ರೂಪ) ಮಾಡಲು ಹೇಳಿದರೆ ಇಡೀ ಫೋಲ್ಡರ್ ಕ್ಷಣದಲ್ಲಿ ಸರಿಯಾಗುತ್ತದೆ. ಮೊದಲು ಏನೂ ಬದಲಿಸದ ತೋರಿಕೆಯ ಓಟ ಓಡಿಸಿ ನೋಡಿ, ಆಮೇಲೆ ನಿಜವಾಗಿ ಬದಲಿಸಿ.

ಉದ್ದದ ಹೆಸರು ವಿಂಡೋಸ್‌ನಲ್ಲಿ ಇದ್ದು, ಫೋನಿಗೆ ಹಾಕುವಾಗ ನಿರಾಕರಣೆ ಬಂದರೆ ಕಾರಣ ಇದು: ವಿಂಡೋಸ್ 255 ಸಂಕೇತ ಎಣಿಸುತ್ತದೆ, ಫೋನಿನ ಒಳಗಿನ ಕಡತ ವ್ಯವಸ್ಥೆ 255 ಬೈಟ್ ಎಣಿಸುತ್ತದೆ. ಕನ್ನಡದಲ್ಲಿ ಅದು 85 ಸಂಕೇತ. ಕಲ್ಯಾಣಿ ನಮಗೆ ಮೂರಕ್ಷರ, ಫೋನಿಗೆ 21 ಬೈಟ್. ಕೃತಿ, ರಾಗ, ತಾಳ, ವಾಗ್ಗೇಯಕಾರರ ಹೆಸರು ಸೇರಿದರೆ ಮೀರಿಯೇ ಮೀರುತ್ತದೆ. ಫೈಲಿನ ಹೆಸರಲ್ಲಿ ಕ್ರಮಸಂಖ್ಯೆ, ಕೃತಿ, ರಾಗ ಸಾಕು, ಉಳಿದದ್ದು ಟ್ಯಾಗಿಗೆ. ರಾಗದ ಹತ್ತಾರು ಕಾಗುಣಿತಗಳನ್ನು ಒಂದೇ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟ್ ನನ್ನ ಬಳಿ ಇದೆ. ಅದನ್ನು ಮಾತ್ರ ಸದ್ಯಕ್ಕೆ ಕೊಡುವುದಿಲ್ಲ.

ಕಾರಿಗೆ ಪೆನ್‌ಡ್ರೈವ್ ಬೇರೆಯೇ ತಯಾರಿ. ಎಫ್‌ಎಟಿ32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ. 48 ಕಿಲೋಹರ್ಟ್ಸ್ ಮೇಲಿನ ಫ್ಲ್ಯಾಕ್ ಅನೇಕ ಸ್ಟೀರಿಯೊಗಳಿಗೆ ಆಗದು. 96ನ್ನು 48ಕ್ಕೆ, 88.2ನ್ನು 44.1ಕ್ಕೆ ಸಾಕ್ಸ್ ಪ್ರೋಗ್ರಾಮಿನಲ್ಲಿ ಇಳಿಸಿ, 16 ಬಿಟ್‌ಗೆ ತರುವಾಗ ಡಿದರ್ (ಬಿಟ್ ಕಡಿತದ ವಿಕಾರ ಮರೆಸುವ ಅತಿ ಸಣ್ಣ ಸದ್ದು) ಬಿಡಬೇಡಿ. ಎಂಪಿ3 ಹಾಕುವುದಾದರೆ ಟ್ಯಾಗಿನ ರೂಪ ಐಡಿ3 2.3, ಅಕ್ಷರ ಯುಟಿಎಫ್-16 ಇರಲಿ, ಐಡಿ3 2.4ರ ಟ್ಯಾಗನ್ನು ಎಷ್ಟೋ ಸ್ಟೀರಿಯೊಗಳು ಓದುವುದೇ ಇಲ್ಲ. ತೆರೆಯಲ್ಲಿ ಖಾಲಿ ಚೌಕ ಬಂದರೆ ಫಾಂಟ್ ಇಲ್ಲ ಎಂದರ್ಥ; ಆ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರು. ಟ್ರ್ಯಾಕ್ ಕ್ರಮ ತಪ್ಪುವುದಕ್ಕೆ ಕಾರಣ, ಅಗ್ಗದ ಸ್ಟೀರಿಯೊಗಳು ನಕಲಾದ ಕ್ರಮದಲ್ಲಿ ನುಡಿಸುತ್ತವೆ. ಡ್ರೈವನ್ನು ಖಾಲಿ ಮಾಡಿ ಕ್ರಮವಾಗಿ ನಕಲಿಸಿ.

ಪಕ್ಕದ ಕೆಲವು ಪ್ರಯೋಗಗಳು. ಸ್ಪೆಕ್ ಎಂಬ ಪ್ರೋಗ್ರಾಮಿನಲ್ಲಿ ಧ್ವನಿಯ ವರ್ಣಪಟಲ ತೆಗೆದು ನಕಲಿ ಫ್ಲ್ಯಾಕ್ (ಎಂಪಿ3ಯಿಂದ ಮಾಡಿದ್ದು) ಹಿಡಿಯಬಹುದು: 16 ಕಿಲೋಹರ್ಟ್ಸ್‌ನಲ್ಲಿ ಚಾಕು ಹಾಕಿದ ಹಾಗೆ ನಿಂತಿದ್ದರೆ ಅದು 128 ಕೆಬಿಪಿಎಸ್‌ನ ಎಂಪಿ3 ಹಿಗ್ಗಿಸಿದ್ದು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಈ ತೀರ್ಪು ಅವಸರದ್ದಾಗುತ್ತದೆ. ಟೇಪಿನಿಂದ ತೆಗೆದ ಕಚೇರಿಯಲ್ಲಿ ಹಾಡಿನ ಅಂಶ ಹತ್ತು ಕಿಲೋಹರ್ಟ್ಸ್‌ಗೇ ಸವೆದಿದ್ದರೂ ಟೇಪಿನ ಹಿಸ್ (ಹಿನ್ನೆಲೆಯ ಸುಯ್ ಸದ್ದು) ಮೇಲಿನವರೆಗೂ ಇರುತ್ತದೆ. ಹಿಸ್ ಕೂಡ ಒಂದೇ ಗೆರೆಯಲ್ಲಿ ಕಡಿದಿದ್ದರೆ ಮಾತ್ರ ನಕಲಿ ಅನ್ನಿ. ಎರಡು ಅಂಗಡಿಗಳ ಒಂದೇ ಆಲ್ಬಮನ್ನು ಆಡಾಸಿಟಿಯಲ್ಲಿ ಒಂದರ ಮೇಲೊಂದಿಟ್ಟು, ಒಂದರ ಧ್ವನಿ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದೆ. ಪೂರ್ತಿ ಮೌನ ಬಂದರೆ ಎರಡೂ ಒಂದೇ. ರೀಮಾಸ್ಟರ್ (ಧ್ವನಿಯನ್ನು ಹೊಸದಾಗಿ ತಿದ್ದಿದ್ದು) ಎಂದು ಸುಮಾರು 200 ರೂಪಾಯಿ ಹೆಚ್ಚಿಗೆ ಕೇಳಿದ ಒಂದು ಪ್ರತಿ ಐದಾರು ಡೆಸಿಬಲ್ ಜೋರು ಮಾಡಿದ್ದಷ್ಟೇ, ಮೃದಂಗದ ಪೆಟ್ಟುಗಳ ತುದಿ ಚಪ್ಪಟೆಯಾಗಿತ್ತು. ಅಗ್ಗದ್ದೇ ಉತ್ತಮ ಪ್ರತಿ. ಧ್ವನಿಮಟ್ಟ ಸಮ ಮಾಡಲು ರೀಪ್ಲೇಗೇನ್ ಹಾಕುವುದಾದರೆ ಆಲ್ಬಂ ಲೆಕ್ಕದಲ್ಲಿ ಹಾಕಿ. ಟ್ರ್ಯಾಕ್ ಲೆಕ್ಕದಲ್ಲಿ ಹಾಕಿದರೆ ಮೆಲ್ಲನೆಯ ಆಲಾಪನೆ ತನಿ ಆವರ್ತನದಷ್ಟೇ (ತಾಳವಾದ್ಯದ ಏಕಾಂಗಿ ಭಾಗ) ಜೋರಾಗುತ್ತದೆ.

ಬ್ಯಾಕಪ್‌ಗೆ ಎರಡು ಹಾರ್ಡ್ ಡಿಸ್ಕ್, ಒಂದು ಬೇರೆ ಮನೆಯಲ್ಲಿ. ಬೇಕಿರುವುದು ನೂರು ಜಿಬಿಯೂ ಅಲ್ಲ, ಹಾಗಾಗಿ ಅಂಗಡಿಯಲ್ಲಿರುವ ಅತಿ ಚಿಕ್ಕ ಡಿಸ್ಕ್ ಸಾಕು. ಆರು ತಿಂಗಳಿಗೊಮ್ಮೆ ಇಡೀ ಸಂಗ್ರಹದ ಮೇಲೆ ಫ್ಲ್ಯಾಕ್ ಟೆಸ್ಟ್ ಓಡಿಸುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಬಿದ್ದ ಫೈಲೇನಾದರೂ ಇದ್ದರೆ ಅದರ ಹೆಸರು ಪರದೆಯಲ್ಲಿ ಓಡಿಹೋಗುತ್ತದೆ, ಅದಕ್ಕೆ ವರದಿಯನ್ನು ಪಠ್ಯ ಕಡತಕ್ಕೆ ತಿರುಗಿಸಿ.